ಆಪರೇಷನ್ ಆದಮೇಲೆ ಊಟ: ಎಷ್ಟು, ಯಾವುದು, ಹೇಗೆ?

ತೂಕ ಇಳಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಮತ್ತು ಅವರ ಮನೆಯವರು ಕಳಿಸಿದ ಪ್ರಶ್ನೆಗಳಿಗೆ ಈ ಸಲ ನಮ್ಮ ಆಹಾರ ತಜ್ಞರು ಮತ್ತು ಶಸ್ತ್ರವೈದ್ಯರು ಉತ್ತರಿಸಿದ್ದಾರೆ. ಸ್ಲೀವ್ ಆಪರೇಷನ್‌ನಲ್ಲಿ ಜಠರದ ಮುಕ್ಕಾಲು ಭಾಗಕ್ಕಿಂತ ಹೆಚ್ಚು ತೆಗೆದು, ಉದ್ದನೆಯ ಕೊಳವೆಯಷ್ಟನ್ನು ಉಳಿಸುತ್ತಾರೆ. ಬೈಪಾಸ್‌ನಲ್ಲಿ ಜಠರದ ಮೇಲ್ಭಾಗದಲ್ಲಿ ಸುಮಾರು 30 ಮಿ.ಲೀ. ಹಿಡಿಸುವ ಪುಟ್ಟ ಚೀಲ ಮಾಡಿ, ಅದನ್ನು ಸಣ್ಣ ಕರುಳಿಗೆ ನೇರವಾಗಿ ಜೋಡಿಸುತ್ತಾರೆ.

ಪ್ರಶ್ನೆ: ನಮ್ಮ ಯಜಮಾನರಿಗೆ ಸ್ಲೀವ್ ಆಪರೇಷನ್ ಆಗಿ 5 ವಾರ. ಗಂಜಿ, ತೊವ್ವೆ ಚೆನ್ನಾಗಿಯೇ ಹೋಗುತ್ತಿತ್ತು. ಮೊನ್ನೆ ಆಸೆಪಟ್ಟರು ಅಂತ ನಿಂಬೆಹಣ್ಣಿನ ಗಾತ್ರದ ಮುದ್ದೆ, ಬಸ್ಸಾರು ಕೊಟ್ಟೆ. ಎರಡನೇ ತುತ್ತಿಗೇ ಎದೆ ಹಿಡಿದುಕೊಂಡು, ನೊರೆ ನೊರೆಯಾಗಿ ವಾಂತಿ ಮಾಡಿಕೊಂಡರು. ರಾಗಿ ಕೊಡಲೇಬಾರದಾ? ಎಷ್ಟು ಬಡಿಸಬೇಕು ಅನ್ನುವುದೂ ಗೊತ್ತಾಗುತ್ತಿಲ್ಲ.
– ಗೃಹಿಣಿ, ಮದ್ದೂರು

ಉತ್ತರ: ರಾಗಿಯಿಂದ ತೊಂದರೆಯಿಲ್ಲ. ತೊಂದರೆ ಇರುವುದು ಮುದ್ದೆ ತಿನ್ನುವ ಕ್ರಮದಲ್ಲಿ. ಮುದ್ದೆಯನ್ನು ನಾವು ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತೇವೆ. ಮೊದಲಿನ ಜಠರ ಆ ಉಂಡೆಯನ್ನು ಕಡೆದು ಕರಗಿಸುತ್ತಿತ್ತು. ಈಗ ಉಳಿದಿರುವ ಕೊಳವೆ ನಡುವಿನ ತಿರುವಿನಲ್ಲಿ ತುಂಬ ಕಿರಿದು, ಹೊಲಿಗೆಯ ಊತವೂ ಪೂರ್ತಿ ಇಳಿದಿರುವುದಿಲ್ಲ. ಉಂಡೆ ಅಲ್ಲೇ ನಿಲ್ಲುತ್ತದೆ, ಅದರ ಮೇಲೆ ಜೊಲ್ಲು ತುಂಬಿಕೊಂಡು ನೊರೆಯಾಗಿ ಹೊರಗೆ ಬರುತ್ತದೆ. ಮೆತ್ತಗಿನ ಬಿಳಿ ಅನ್ನ, ಬ್ರೆಡ್ಡು, ಒಣಗಿದ ಚಪಾತಿ, ನಾರುನಾರಾದ ಕೋಳಿಮಾಂಸ ಕೂಡ ಹೀಗೇ ಸಿಕ್ಕಿಕೊಳ್ಳುತ್ತವೆ.

ಹೀಗೆ ಸಿಕ್ಕಿಕೊಂಡಾಗ ನೀರು ಕುಡಿಸಿ ತಳ್ಳಲು ಹೋಗಬೇಡಿ, ನೋವು ಇನ್ನೂ ಹೆಚ್ಚುತ್ತದೆ. ಊಟ ಅಲ್ಲಿಗೇ ನಿಲ್ಲಿಸಿ, ಎದ್ದು ನಿಧಾನವಾಗಿ ಓಡಾಡಲಿ. ಆ ದಿನವೆಲ್ಲ ತೆಳ್ಳನೆಯ ಮಜ್ಜಿಗೆ, ಬೇಳೆ ಕಟ್ಟು ಮಾತ್ರ ಗುಟುಕು ಗುಟುಕಾಗಿ ಕೊಟ್ಟು, ಮರುದಿನ ಮೆತ್ತನೆಯ ಊಟಕ್ಕೆ ಮರಳಿ. ಇಡೀ ದಿನ ನೀರು ಕೂಡ ನಿಲ್ಲದಿದ್ದರೆ ಆಸ್ಪತ್ರೆಗೆ ಹೋಗಲೇಬೇಕು. ವಾರಗಟ್ಟಲೆ ವಾಂತಿಯಾಗುತ್ತಿದ್ದರೆ ಬಿ1 ಜೀವಸತ್ವ (ಥಯಮಿನ್) ಬರಿದಾಗಿ ನಡಿಗೆ ತಡವರಿಸುತ್ತದೆ, ಕಣ್ಣಿಗೆ ಒಂದು ಎರಡಾಗಿ ಕಾಣುತ್ತದೆ, ಮಾತು ಗೊಂದಲವಾಗುತ್ತದೆ. ಅಂಥ ಸ್ಥಿತಿಯಲ್ಲಿ ಗ್ಲೂಕೋಸ್ ಡ್ರಿಪ್ಪಿಗಿಂತ ಮೊದಲು ಥಯಮಿನ್ ಇಂಜೆಕ್ಷನ್ ಹೋಗಬೇಕು. ಊರಿನ ಕ್ಲಿನಿಕ್ಕಿಗೆ ಹೋದರೂ ‘ತೂಕದ ಆಪರೇಷನ್ ಆಗಿದೆ’ ಎಂದು ಮೊದಲೇ ಹೇಳಿ.

ಸಾಮಾನ್ಯ ಕ್ರಮ ಹೀಗಿದೆ: ಮೊದಲ 2 ವಾರ ಬರೀ ದ್ರವ, 3–4ನೇ ವಾರ ಮಿಕ್ಸಿಯಲ್ಲಿ ನುಣ್ಣಗೆ ಅರೆದದ್ದು, 5ರಿಂದ 8ನೇ ವಾರ ಬೆರಳಲ್ಲಿ ಒತ್ತಿದರೆ ಹಿಸುಕಿಹೋಗುವಷ್ಟು ಮೆತ್ತನೆಯದು, ಆಮೇಲೆ ಮಾಮೂಲಿ ಊಟದತ್ತ. ನಿಮ್ಮ ಆಸ್ಪತ್ರೆಯ ಪಟ್ಟಿಯಲ್ಲಿ ಒಂದು ವಾರ ಹಿಂದೆಮುಂದೆ ಇದ್ದರೆ ಅದನ್ನೇ ಅನುಸರಿಸಿ. ಈಗ ಅವರಿಗೆ ರಾಗಿ ಬೇಕೆನಿಸಿದರೆ ಮಜ್ಜಿಗೆ ಬೆರೆಸಿದ ತೆಳ್ಳನೆಯ ಅಂಬಲಿ ಕೊಡಿ. 3 ತಿಂಗಳಾದ ಮೇಲೆ ಹುಣಸೆಬೀಜದಷ್ಟು ಮುದ್ದೆ ಮುರಿದು, ಬಸ್ಸಾರಿನಲ್ಲಿ ಕಿವುಚಿ, ಅಗಿದು ತಿಂದು ನೋಡಲಿ. ಆದರೆ 100 ಗ್ರಾಂ ರಾಗಿ ಹಿಟ್ಟಿನಲ್ಲಿ ಪ್ರೋಟೀನ್ ಇರುವುದು 7 ಗ್ರಾಂ ಮಾತ್ರ. ಬಸ್ಸಾರಿನ ಕಾಳು ಮೊದಲು ಹೋಗಲಿ, ಮುದ್ದೆ ಆಮೇಲೆ.

ಇನ್ನು ಅಳತೆ. ಟೀ ಚಮಚದಲ್ಲಿ ಹಿಡಿಸುವುದು 5 ಮಿ.ಲೀ. ಒಂದು ತುತ್ತಿಗೆ ಒಂದೇ ಚಮಚ. ಅದನ್ನು 20 ಸಲ ಅಗಿದು ನುಂಗಿ, ಚಮಚ ಕೆಳಗಿಟ್ಟು, ಒಂದು ನಿಮಿಷ ಬಿಟ್ಟು ಇನ್ನೊಂದು. ಈ ಲೆಕ್ಕದಲ್ಲಿ 20 ಚಮಚಕ್ಕೆ 100 ಮಿ.ಲೀ. ಆಗುತ್ತದೆ. 5–6ನೇ ವಾರಕ್ಕೆ ಅಷ್ಟು ಬೇಕಾದಷ್ಟಾಯಿತು, ಅರ್ಧಕ್ಕೇ ಸಾಕೆನಿಸಿದರೂ ಸರಿ. ವರ್ಷ ತುಂಬುವ ಹೊತ್ತಿಗೆ ಇದು ನಿಧಾನವಾಗಿ 200–250 ಮಿ.ಲೀ.ಗೆ ಏರುತ್ತದೆ. ಅರ್ಧ ಗಂಟೆಯಾದರೆ ತಟ್ಟೆಯಲ್ಲಿ ಉಳಿದಿದ್ದರೂ ಏಳಬೇಕು. ಹೊಟ್ಟೆ ತುಂಬಿದ್ದು ಈಗ ಮೊದಲಿನಂತೆ ಹೊಟ್ಟೆಯಲ್ಲಿ ತಿಳಿಯುವುದಿಲ್ಲ. ಎದೆಗೂಡಿನ ಕೆಳಗೆ ಒತ್ತಿದಂತಾಗುವುದು, ಬಿಕ್ಕಳಿಕೆ, ಮೂಗಿನಲ್ಲಿ ನೀರು, ತಾನಾಗಿ ಬರುವ ನಿಟ್ಟುಸಿರು, ಇವೇ ಗುರುತು. ಇದರಲ್ಲಿ ಒಂದು ಕಂಡರೂ ಮುಂದಿನ ಚಮಚ ಬೇಡ. ‘ಇನ್ನೊಂದೇ ತುತ್ತು’ ಎಂದು ಮನೆಯವರು ಪ್ರೀತಿಯಿಂದ ಒತ್ತಾಯಿಸುವುದನ್ನು ದಯವಿಟ್ಟು ಬಿಡಬೇಕು. ಆ ಒಂದು ತುತ್ತೇ ವಾಂತಿಯಾಗಿ ಬರುವುದು.

ಪ್ರಶ್ನೆ: ನನಗೆ 34 ವರ್ಷ, ಬೈಪಾಸ್ ಆಗಿ 4 ತಿಂಗಳು. ಮೊಟ್ಟೆಯನ್ನೂ ತಿನ್ನದ ಸಸ್ಯಾಹಾರಿ. ದಿನಕ್ಕೆ 60 ಗ್ರಾಂ ಪ್ರೋಟೀನ್ ಬೇಕು ಅನ್ನುತ್ತಾರೆ, ಇಷ್ಟು ಸಣ್ಣ ಹೊಟ್ಟೆಗೆ ಅದು ಸಾಧ್ಯವೇ? ಕೂದಲು ಹಿಡಿ ಹಿಡಿ ಉದುರುತ್ತಿದೆ.
– ಶಿಕ್ಷಕಿ, ಶಿರಸಿ

ಉತ್ತರ: ಸಾಧ್ಯ. ಆದರೆ ತಿಳಿಸಾರು, ಅನ್ನವನ್ನು ನಂಬಿಕೊಂಡರೆ ಆಗದು. ಒಂದು ದಿನದ ಲೆಕ್ಕ ನೋಡಿ. ಬೆಳಿಗ್ಗೆ 200 ಮಿ.ಲೀ. ಹಾಲಿಗೆ 15 ಗ್ರಾಂ ಕೆನೆರಹಿತ ಹಾಲಿನ ಪುಡಿ ಕದಡಿದರೆ 11 ಗ್ರಾಂ. ತಿಂಡಿಗೆ 30 ಗ್ರಾಂ ಹೆಸರುಬೇಳೆ ನೆನೆಸಿ ರುಬ್ಬಿದ ದೋಸೆಯಲ್ಲಿ 7. ನಡುವೆ 200 ಗ್ರಾಂ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ನೀರು ಇಳಿಸಿದ ಗಟ್ಟಿ ಮೊಸರಿನಿಂದ 6. ಮಧ್ಯಾಹ್ನ 50 ಗ್ರಾಂ ಪನೀರ್ ಮತ್ತು 20 ಗ್ರಾಂ ಬೇಳೆಯ ಗಟ್ಟಿ ತೊವ್ವೆಯಿಂದ 14. ಸಂಜೆ 20 ಗ್ರಾಂ ಸೋಯಾ ಚಂಕ್ಸ್ ನೆನೆಸಿ, ಹಿಂಡಿ, ಪುಡಿಮಾಡಿ ಒಗ್ಗರಣೆ ಹಾಕಿದರೆ 10. ರಾತ್ರಿ 30 ಗ್ರಾಂ ಬೇಳೆಯ ತೊವ್ವೆಗೆ 7, ಮಲಗುವ ಮುಂಚೆ ಒಂದು ಲೋಟ ಹಾಲಿಗೆ 6. ಒಟ್ಟು 61 ಗ್ರಾಂ. ಬೇಳೆಯ ತೂಕವೆಲ್ಲ ಬೇಯಿಸುವ ಮುಂಚಿನದು. ಮೊದಲ ತಿಂಗಳಾದರೂ ಅಡುಗೆಮನೆಯಲ್ಲಿ ಒಂದು ಪುಟ್ಟ ತಕ್ಕಡಿ ಇರಲಿ, ಕಣ್ಣಂದಾಜು ಸಾಲದು. ಇಷ್ಟು ತಿನ್ನಲಾಗದ ದಿನ ಪ್ರೋಟೀನ್ ಪುಡಿ ಬಳಸುವುದರಲ್ಲಿ ಸಂಕೋಚ ಬೇಡ. ಡಬ್ಬಿಯ ಹಿಂದೆ ಒಂದು ಅಳತೆಗೆ 20 ಗ್ರಾಂ ಮೇಲ್ಪಟ್ಟು ಪ್ರೋಟೀನ್, 5 ಗ್ರಾಂಗಿಂತ ಕಡಿಮೆ ಸಕ್ಕರೆ ಇರುವುದನ್ನು ನೋಡಿ ಕೊಳ್ಳಿ.

ಕೂದಲು ಉದುರುವುದು 3–4ನೇ ತಿಂಗಳಲ್ಲಿ ಬಹಳ ಜನರಿಗೆ ಆಗುತ್ತದೆ. ಆಪರೇಷನ್ ಮತ್ತು ವೇಗವಾಗಿ ಇಳಿಯುವ ತೂಕದ ಹೊಡೆತಕ್ಕೆ ಕೂದಲು ಬೆಳೆಯುವುದನ್ನು ನಿಲ್ಲಿಸಿ ಉದುರುತ್ತದೆ. ಬೇರು ಸತ್ತಿರುವುದಿಲ್ಲ, ಕೆಲವು ತಿಂಗಳಲ್ಲಿ ಮತ್ತೆ ಬರುತ್ತದೆ. ವರ್ಷವಾದರೂ ನಿಲ್ಲದಿದ್ದರೆ ಫೆರಿಟಿನ್ (ದೇಹದಲ್ಲಿನ ಕಬ್ಬಿಣದ ದಾಸ್ತಾನು) ಮತ್ತು ಝಿಂಕ್ ಪರೀಕ್ಷೆ ಮಾಡಿಸಿ. ನೀವಾಗಿ ಬಯೋಟಿನ್ ಮಾತ್ರೆ ನುಂಗಬೇಡಿ. ಕೊರತೆ ಇಲ್ಲದವರಿಗೆ ಅದರಿಂದ ಹೆಚ್ಚು ಪ್ರಯೋಜನವಿಲ್ಲ, ಜೊತೆಗೆ ಥೈರಾಯ್ಡ್ ರಕ್ತಪರೀಕ್ಷೆಯ ಫಲಿತಾಂಶವನ್ನೇ ತಪ್ಪಾಗಿ ತೋರಿಸಬಹುದು.

ಮಾತ್ರೆಗಳಲ್ಲಿ ಹೆಚ್ಚಿನವರು ಎಡವುವುದು ಹೊತ್ತಿನಲ್ಲಿ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಒಟ್ಟಿಗೆ ತೆಗೆದುಕೊಂಡರೆ ಕಬ್ಬಿಣ ದೇಹಕ್ಕೆ ಸರಿಯಾಗಿ ಹತ್ತುವುದಿಲ್ಲ; ನಡುವೆ 2 ಗಂಟೆ ಬಿಡಿ. ಕಾಫಿ, ಟೀಯನ್ನೂ ಕಬ್ಬಿಣದ ಮಾತ್ರೆಯಿಂದ ದೂರವಿಡಿ. ಕ್ಯಾಲ್ಸಿಯಂ ಸಿಟ್ರೇಟ್ ರೂಪದ್ದಾಗಿರಲಿ, ಏಕೆಂದರೆ ಜಠರದಲ್ಲಿ ಆಮ್ಲ ಕಡಿಮೆಯಾದರೂ ಅದು ದೇಹಕ್ಕೆ ಹತ್ತುತ್ತದೆ. ದಿನಕ್ಕೆ ಒಟ್ಟು 1200–1500 ಮಿ.ಗ್ರಾಂ, ಒಂದು ಸಲಕ್ಕೆ 500–600ರ ಒಳಗೆ. ಸಸ್ಯಾಹಾರಿಗಳಿಗೆ ಬಿ12 ಅಂತೂ ಜೀವನಪರ್ಯಂತ ಬೇಕು.

ಪ್ರಶ್ನೆ: ಬೈಪಾಸ್ ಆಗಿ ಒಂದೂವರೆ ವರ್ಷ. ಮದುವೆ ಮನೆಯಲ್ಲಿ ಒಂದು ಹೋಳಿಗೆ ತಿಂದೆ. ಕಾಲು ಗಂಟೆಯಲ್ಲಿ ಬೆವರು, ಎದೆಬಡಿತ, ಹೊಟ್ಟೆ ಹಿಂಡಿ ಭೇದಿ. ಸುಧಾರಿಸಿಕೊಂಡೆ ಅನ್ನುವಷ್ಟರಲ್ಲಿ, ಎರಡು ಗಂಟೆ ಬಿಟ್ಟು ಕೈಕಾಲು ನಡುಕ. ಬೆಲ್ಲದ್ದು ತಾನೇ ಎಂದು ತಿಂದಿದ್ದೆ.
– ವ್ಯಾಪಾರಿ, ದಾವಣಗೆರೆ

ಉತ್ತರ: ನಿಮಗೆ ಆಗಿದ್ದು ಎರಡು ಬೇರೆ ಬೇರೆ ತೊಂದರೆ. ಮೊದಲನೆಯದನ್ನು ಡಂಪಿಂಗ್ ಅನ್ನುತ್ತಾರೆ. ಜಠರದ ಬಾಗಿಲನ್ನು ದಾಟಿಸಿ ಜೋಡಿಸಿರುವುದರಿಂದ ಸಿಹಿ ಒಮ್ಮೆಗೇ ಸಣ್ಣ ಕರುಳಿಗೆ ಸುರಿದು, ರಕ್ತದಿಂದ ನೀರನ್ನು ಎಳೆದುಕೊಳ್ಳುತ್ತದೆ. ಇದು 10–30 ನಿಮಿಷದೊಳಗೆ ಆಗುವಂಥದ್ದು. ಎರಡನೆಯದು 1–3 ಗಂಟೆ ಬಿಟ್ಟು: ದಿಢೀರನೆ ಏರಿದ ಸಕ್ಕರೆಗೆ ಇನ್ಸುಲಿನ್ ಅಳತೆ ಮೀರಿ ಸುರಿದು, ಸಕ್ಕರೆ ಕುಸಿಯುತ್ತದೆ. ಬೆಲ್ಲ, ಜೇನು, ಸಕ್ಕರೆ ಮೂರೂ ಕರುಳಿಗೆ ಒಂದೇ.

ನಡುಕ ಬಂದಾಗ ಗ್ಲೂಕೋಮೀಟರ್‌ನಲ್ಲಿ ನೋಡಿ. 70ಕ್ಕಿಂತ ಕೆಳಗಿದ್ದರೆ 2–3 ಟೀ ಚಮಚ ಗ್ಲೂಕೋಸ್ ನೀರಿಗೆ ಹಾಕಿ ಕುಡಿಯಿರಿ. ಕಾಲು ಗಂಟೆ ಬಿಟ್ಟು ಸ್ವಲ್ಪ ಪನೀರ್ ಅಥವಾ ಮೊಟ್ಟೆ ತಿನ್ನಿ. ಬರೀ ಸಿಹಿಗೆ ನಿಲ್ಲಿಸಿದರೆ ಮತ್ತೆ ಕುಸಿಯುತ್ತದೆ. ಪದೇ ಪದೇ ಆಗುತ್ತಿದ್ದರೆ, ತಲೆ ತಿರುಗಿ ಬಿದ್ದರೆ, ಅಥವಾ ಹಳೆಯ ಡಯಾಬಿಟಿಸ್ ಮಾತ್ರೆ ಇನ್ನೂ ನಡೆಯುತ್ತಿದ್ದರೆ ತಡಮಾಡದೆ ವೈದ್ಯರನ್ನು ಕಾಣಿ.

ಮದುವೆ ಊಟಕ್ಕೆ ಹೋಗಬಾರದು ಎಂದೇನಿಲ್ಲ. ಎಲೆಯ ಮೇಲೆ ಕೋಸಂಬರಿ ಹೇಗೂ ಮೊದಲೇ ಬರುತ್ತದೆ. ಹೆಸರುಬೇಳೆ ಕೋಸಂಬರಿಯನ್ನು ಚೆನ್ನಾಗಿ ಅಗಿದು ತಿನ್ನಿ, ಆಮೇಲೆ ಕಾಳಿನ ಪಲ್ಯ, ಆಮೇಲೆ ತೊವ್ವೆಗೆ ಎರಡು ಚಮಚ ಅನ್ನ. ಹೋಳಿಗೆಯ ಪಂಕ್ತಿ ಬರುವ ಹೊತ್ತಿಗೆ ಹೊಟ್ಟೆ ತುಂಬಿರುತ್ತದೆ. ಬಡಿಸುವವರ ಒತ್ತಾಯಕ್ಕೆ ಎಲೆಯ ಮೇಲೆ ಕೈ ಅಡ್ಡ ಹಿಡಿಯಿರಿ. ಪಾಯಸದ ಲೋಟ ಮಾತ್ರ ಮುಟ್ಟಲೇಬೇಡಿ. ದ್ರವರೂಪದ ಸಿಹಿ ಎಲ್ಲಕ್ಕಿಂತ ಬೇಗ ಇಳಿಯುತ್ತದೆ.

ಪ್ರಶ್ನೆ: ಊಟದ ಜೊತೆ ನೀರು ಕುಡಿಯಬಾರದು ಅನ್ನುತ್ತಾರೆ. ನಮ್ಮೂರ ಬಿಸಿಲಿಗೆ ಇದು ಹೇಗೆ ಸಾಧ್ಯ?
– ಓದುಗರು, ರಾಯಚೂರು

ಉತ್ತರ: ಊಟ ಮಾಡುವಾಗ ಮತ್ತು ಮುಗಿದ ಮೇಲೆ ಅರ್ಧ ಗಂಟೆ ನೀರು ಬಿಡಿ, ಅಷ್ಟೇ. ಉಳಿದ ಹೊತ್ತೆಲ್ಲ ಬಾಟಲಿ ಕೈಯಲ್ಲೇ ಇರಲಿ, ಐದೈದು ನಿಮಿಷಕ್ಕೆ ಒಂದೆರಡು ಗುಟುಕು. ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್, ಬೇಸಿಗೆಯಲ್ಲಿ ಇನ್ನೂ ಹೆಚ್ಚು. ಉಪ್ಪು ಹಾಕಿದ ನೀರುಮಜ್ಜಿಗೆ ಒಳ್ಳೆಯದು. ಸೋಡಾ, ಕಬ್ಬಿನ ಹಾಲು ಬೇಡ. ಮೂತ್ರ ಗಾಢ ಹಳದಿಯಾದರೆ ನೀರು ಸಾಲುತ್ತಿಲ್ಲ ಎಂದರ್ಥ.

ಪ್ರಶ್ನೆ: ಏಕಾದಶಿ ಉಪವಾಸ ಮಾಡಬಹುದೇ?
– ಓದುಗರು, ಉಡುಪಿ

ಉತ್ತರ: ಮೊದಲ ವರ್ಷ ಬೇಡ. ಆಮೇಲೂ ನೀರಿಲ್ಲದ ಉಪವಾಸ ಬೇಡವೇ ಬೇಡ. ಹಾಲು, ಗಟ್ಟಿ ಮೊಸರು, ಪನೀರ್ ತೆಗೆದುಕೊಂಡು ಮಾಡಬಹುದು. ಸಬ್ಬಕ್ಕಿ ಬರೀ ಪಿಷ್ಟ, ಅಂಟಂಟಾಗಿ ಸಿಕ್ಕಿಕೊಳ್ಳಲೂಬಹುದು.

ಪ್ರಶ್ನೆ: ಸ್ಲೀವ್ ಆಗಿ ಎರಡೂವರೆ ವರ್ಷ. 38 ಕೆ.ಜಿ. ಇಳಿದಿದ್ದೆ, ಈಗ 8 ಕೆ.ಜಿ. ಮರಳಿ ಬಂದಿದೆ. ಊಟ ಇವತ್ತಿಗೂ ಸ್ವಲ್ಪವೇ. ಹೊಟ್ಟೆ ಹಿಗ್ಗಿದೆಯೇ? ಐದು ದಿನ ಬರೀ ದ್ರವ ಕುಡಿದರೆ ಮತ್ತೆ ಕುಗ್ಗುತ್ತದೆ ಎಂದು ಸ್ನೇಹಿತರು ಹೇಳುತ್ತಾರೆ.
– ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಉತ್ತರ: ದ್ರವ ಕುಡಿದ ಮಾತ್ರಕ್ಕೆ ಜಠರ ಕುಗ್ಗುವುದಿಲ್ಲ. ಎರಡು ದಿನ ತೂಕ ಇಳಿದಂತೆ ಕಾಣುವುದು ನೀರಿನದ್ದು. ಹಿಗ್ಗಿದೆಯೇ ಎಂಬ ಅಂದಾಜಿಗೆ ಮನೆಯಲ್ಲೇ ಒಂದು ದಾರಿಯಿದೆ. ಹಸಿದಾಗ ಗಟ್ಟಿಯಾದ ಪನೀರ್ ಅಥವಾ ಬೇಯಿಸಿದ ಕೋಳಿಮಾಂಸವನ್ನು ನೀರಿಲ್ಲದೆ, 25 ನಿಮಿಷ ನಿಧಾನವಾಗಿ ತಿನ್ನಿ. ಒಂದು ಬಟ್ಟಲಿನೊಳಗೇ ಸಾಕೆನಿಸಿದರೆ ಜಠರ ಸರಿಯಾಗಿಯೇ ಇದೆ, ಹುಡುಕಬೇಕಾದದ್ದು ಊಟಗಳ ನಡುವೆ ಏನು ಹೋಗುತ್ತಿದೆ ಎಂಬುದನ್ನು. ಎರಡು ಬಟ್ಟಲಾದರೂ ಏನೂ ಅನ್ನಿಸದಿದ್ದರೆ ಶಸ್ತ್ರವೈದ್ಯರನ್ನು ಕಂಡು ಎಂಡೋಸ್ಕೋಪಿ ಬೇಕೇ ಎಂದು ಕೇಳಿ.

ನಿಮ್ಮ ಉದ್ಯೋಗ ನೋಡಿದರೆ ಮೊದಲನೆಯದರ ಸಂಭವವೇ ಹೆಚ್ಚು. ಮಿಕ್ಸ್ಚರ್, ಚಕ್ಕುಲಿ, ಚಿಪ್ಸ್, ಬಿಸ್ಕತ್ತು, ಐಸ್‌ಕ್ರೀಂ ಬಾಯಲ್ಲೇ ಕರಗಿ ಗಂಜಿಯಾಗಿ ಜಾರಿಹೋಗುತ್ತವೆ, ಜಠರವನ್ನು ಹಿಗ್ಗಿಸುವುದೇ ಇಲ್ಲ. ಜೊತೆಗೆ ಕಾಫಿ ಇದ್ದರೆ ಇನ್ನೂ ಬೇಗ. 100 ಗ್ರಾಂ ಮಿಕ್ಸ್ಚರ್‌ನಲ್ಲಿ 500 ಕ್ಯಾಲೊರಿಯ ಆಸುಪಾಸು ಇರುತ್ತದೆ. ಪಕ್ಕದಲ್ಲಿ ಪೊಟ್ಟಣ ಇಟ್ಟುಕೊಂಡು ಕೆಲಸ ಮಾಡುವವರಿಗೆ ಅಷ್ಟು ತಿಂದದ್ದು ಗೊತ್ತೂ ಆಗುವುದಿಲ್ಲ. ಮೂರು ದಿನ, ಅದರಲ್ಲೊಂದು ರಜಾದಿನ, ಬಾಯಿಗೆ ಹೋದದ್ದನ್ನೆಲ್ಲ ಗಡಿಯಾರದ ಹೊತ್ತಿನ ಸಮೇತ ಬರೆಯಿರಿ. ದಿನಕ್ಕೆ 3 ಊಟ, ಒಂದು ಪ್ರೋಟೀನ್ ತಿಂಡಿ ಬಿಟ್ಟು ಬೇರೇನು ಕಂಡರೂ ಅದರಿಂದಲೇ ಕಡಿತ ಶುರುವಾಗಲಿ.

ಪಾರ್ಟಿಗಳಿದ್ದರೆ ಅದನ್ನೂ ಬರೆಯಿರಿ. ಆಪರೇಷನ್ ಆದವರಿಗೆ ಮದ್ಯ ಬೇಗ ಏರುತ್ತದೆ, ಚಟವಾಗುವ ಅಪಾಯವೂ ಹೆಚ್ಚು. ಎದೆಯುರಿಯಿಂದಾಗಿ ಗಟ್ಟಿ ಊಟ ಬಿಟ್ಟು ಮೆತ್ತನೆಯದಕ್ಕೆ ಜಾರಿದ್ದೀರಾ ನೋಡಿಕೊಳ್ಳಿ. ಸ್ಲೀವ್ ಆದವರಲ್ಲಿ ಇದು ಬಹಳ ಸಾಮಾನ್ಯ, ಇದಕ್ಕೆ ಔಷಧವಿದೆ. ಬರೆದ ಹಾಳೆಯನ್ನು ಆಹಾರ ತಜ್ಞರ ಮುಂದಿಡಿ. ಜೊತೆಗೆ ಥೈರಾಯ್ಡ್, ಬಿ12, ಡಿ ಜೀವಸತ್ವ, ಫೆರಿಟಿನ್ ವರದಿಗಳೂ ಇರಲಿ.