ರಾಗಿ ಡಬ್ಬದ ಪಾಸ್‌ಬುಕ್ಕು, ಯುಗಾದಿಯ ಮುಂಗಡ

ಪ್ರಶ್ನೆ: ನನಗೆ 38 ವರ್ಷ. ದೊಡ್ಡಬಳ್ಳಾಪುರದ ಗಾರ್ಮೆಂಟ್ಸ್ ಒಂದರಲ್ಲಿ ಒಂಬತ್ತು ವರ್ಷಗಳಿಂದ ಟೈಲರ್ ಆಗಿದ್ದೇನೆ. ಕೈಗೆ 13,500 ರೂಪಾಯಿ ಬರುತ್ತದೆ. ನಮ್ಮ ಯಜಮಾನರು ಮಗ್ಗದ ಕೆಲಸ ಮಾಡುತ್ತಾರೆ. ವಾರದ ಬಟವಾಡೆ ಎಲ್ಲ ಸೇರಿದರೆ ತಿಂಗಳಿಗೆ 16,000. ಇಬ್ಬರು ಮಕ್ಕಳಿದ್ದಾರೆ. ಬಾಡಿಗೆ 6,500, ಸಂಘದ ಎರಡು ಸಾಲಗಳ ಕಂತು 4,250. ಈ ಕಂತುಗಳು ಇನ್ನು 14 ತಿಂಗಳು ಇವೆ. ಎರಡು ವರ್ಷದ ಹಿಂದೆ ಅತ್ತೆಯವರು ಆಸ್ಪತ್ರೆಯಲ್ಲಿ ತೀರಿಕೊಂಡಾಗ ಬಾಡಿಗೆ ಮನೆಯ ಮಾಲೀಕರು ಶವವನ್ನು ಒಳಗೆ ತರಲು ಬಿಡಲಿಲ್ಲ. ಬೀದಿಯಲ್ಲೇ ಮಲಗಿಸಿ ಕಾರ್ಯ ಮುಗಿಸಿದೆವು. ಅಂದಿನಿಂದ ಯಜಮಾನರಿಗೆ ಸ್ವಂತ ಮನೆಯದ್ದೇ ಚಿಂತೆ. ಈಗ ಮೈದುನನ ಸ್ನೇಹಿತರೊಬ್ಬರು ಊರಾಚೆ 20–30ರ ರೆವಿನ್ಯೂ ಸೈಟನ್ನು ಒಂಬತ್ತೂವರೆ ಲಕ್ಷಕ್ಕೆ ಕೊಡುತ್ತೇನೆಂದಿದ್ದಾರೆ. ಯುಗಾದಿಯೊಳಗೆ ಮೂರು ಲಕ್ಷ ಮುಂಗಡ ಕೊಟ್ಟು, ಉಳಿದದ್ದನ್ನು 36 ಕಂತುಗಳಲ್ಲಿ ಕಟ್ಟಬೇಕು. ಸದ್ಯಕ್ಕೆ ಕರಾರು ಪತ್ರ ಮತ್ತು ಜಿಪಿಎ (ಮಾಲೀಕರ ಪರವಾಗಿ ವ್ಯವಹರಿಸುವ ಅಧಿಕಾರ ಪತ್ರ), ಖಾತೆ ಆಮೇಲೆ ಎನ್ನುತ್ತಾರೆ. ಯಜಮಾನರು ಈಗಾಗಲೇ 10,000 ಕೊಟ್ಟಿದ್ದಾರೆ. ನನ್ನ ಒಡವೆ ಅಡವಿಟ್ಟು 1.20 ಲಕ್ಷ, ಸಂಘದಿಂದ 80,000, ಮಗ್ಗದ ಮಾಲೀಕರಿಂದ ಒಂದು ಲಕ್ಷ ಮುಂಗಡ ತರುವ ಯೋಚನೆಯಲ್ಲಿದ್ದಾರೆ. ಅವರಿಗೆ ತಿಳಿಯದ ಒಂದು ವಿಷಯವಿದೆ. ಓಟಿ ಹಣದಲ್ಲಿ 1,500, ಗೃಹಲಕ್ಷ್ಮಿಯ 2,000 ಸೇರಿಸಿ ಅಂಚೆ ಕಚೇರಿಯಲ್ಲಿ ಕಟ್ಟುತ್ತಾ ಬಂದು ನನ್ನ ಹೆಸರಿನಲ್ಲಿ 1,62,000 ರೂಪಾಯಿ ಆಗಿದೆ. ಪಾಸ್‌ಬುಕ್ಕು ರಾಗಿ ಡಬ್ಬದ ತಳದಲ್ಲಿದೆ. ನಾಲ್ಕು ವರ್ಷದ ಹಿಂದೆ ಅವರು ಮೈದುನನಿಗೆ ಕೊಟ್ಟ 60,000 ಮರಳಿ ಬರಲಿಲ್ಲ, ಅದಕ್ಕೇ ಮುಚ್ಚಿಟ್ಟೆ. ಅವರು ಕುಡಿಯುವವರಲ್ಲ, ಕೈ ಮಾಡುವವರೂ ಅಲ್ಲ. ಈಗ ಹೇಳಿದರೆ ಹಣ ಸೈಟಿಗೆ ಹೋಗುತ್ತದೆ, ಹೇಳದಿದ್ದರೆ ಒಡವೆ ಹೋಗುತ್ತದೆ. ನಾನೇನು ಮಾಡಲಿ?

ಉತ್ತರ: ಸಹೋದರಿ, ನಿಮ್ಮ ಪತ್ರದಲ್ಲಿ ಹಣದ ಲೆಕ್ಕಕ್ಕಿಂತ ಮೊದಲು ನನ್ನನ್ನು ತಡೆದು ನಿಲ್ಲಿಸಿದ್ದು ಅತ್ತೆಯವರನ್ನು ಬೀದಿಯಲ್ಲಿ ಮಲಗಿಸಿದ ಆ ದಿನ. ಹೆತ್ತ ತಾಯಿಯನ್ನು ಕೊನೆಯ ಬಾರಿಗೆ ಹೊಸ್ತಿಲೊಳಗೆ ಕರೆತರಲಾಗದ ಮಗನಿಗೆ ಸ್ವಂತ ಮನೆಯೆಂಬುದು ಆಸೆಯಾಗಿ ಉಳಿಯುವುದಿಲ್ಲ, ಎದೆಯ ಮೇಲಿನ ಭಾರವಾಗುತ್ತದೆ. ನಿಮ್ಮ ಯಜಮಾನರ ಆತುರವನ್ನು ದಯವಿಟ್ಟು ಅವಿವೇಕವೆಂದು ತಿಳಿಯಬೇಡಿ. ಅದು ದುಃಖದಿಂದ ಹುಟ್ಟಿದ ಆತುರ. ನೀವು ರಾಗಿ ಡಬ್ಬದಲ್ಲಿ ಕೂಡಿಟ್ಟದ್ದೂ ಅವರು ಒಡವೆ ಅಡವಿಡಲು ಹೊರಟದ್ದೂ ಒಂದೇ ಮನೆಗಾಗಿ. ಹಾಗಾಗಿ ನನ್ನ ಉತ್ತರ ಇಷ್ಟು: ಪಾಸ್‌ಬುಕ್ಕಿನ ವಿಷಯವನ್ನು ಅವರಿಗೆ ಹೇಳಿ, ಆದರೆ ಸೈಟಿನ ಮುಂಗಡಕ್ಕೆ ಅದರಿಂದ ಒಂದು ರೂಪಾಯಿಯನ್ನೂ ತೆಗೆಯಬೇಡಿ. ಒಡವೆಯೂ ಅಡವಿಗೆ ಹೋಗುವುದು ಬೇಡ.

ಮೊದಲು ಸೈಟಿನ ಮಾತು. ಕರಾರು ಪತ್ರ ಮತ್ತು ಜಿಪಿಎ ಎರಡೂ ಕೈಯಲ್ಲಿದ್ದರೂ ಆ ನೆಲ ನಿಮ್ಮದಾಗುವುದಿಲ್ಲ. ಜಿಪಿಎ ಮೂಲಕ ನಡೆಯುವ ಮಾರಾಟದಿಂದ ಒಡೆತನ ವರ್ಗಾವಣೆಯಾಗದು, ಅದಕ್ಕೆ ನೋಂದಾಯಿತ ಕ್ರಯಪತ್ರವೇ ಬೇಕು ಎಂದು ಸುಪ್ರೀಂ ಕೋರ್ಟ್ 2011ರಲ್ಲಿಯೇ ಸ್ಪಷ್ಟವಾಗಿ ಹೇಳಿದೆ. ನೀವು ಮೂರು ವರ್ಷ ಕಂತು ಕಟ್ಟುತ್ತಿರುವಾಗ ದಾಖಲೆಯಲ್ಲಿ ಜಮೀನು ಹಳೆಯ ಹೆಸರಿನಲ್ಲಿಯೇ ಇರುತ್ತದೆ. ಆ ಅವಧಿಯಲ್ಲಿ ಅದರ ಮೇಲೆ ಸಾಲ ಎತ್ತಿದರೂ, ಇನ್ನೊಬ್ಬರಿಗೆ ಮಾರಿದರೂ, ಮಾರುವವರ ಅಣ್ಣತಮ್ಮಂದಿರು ಭಾಗಕ್ಕಾಗಿ ದಾವೆ ಹೂಡಿದರೂ ಕೋರ್ಟು ಕಚೇರಿ ಅಲೆಯಬೇಕಾದವರು ನೀವು. ಅದು ಸರ್ಕಾರ ಪರಿಶಿಷ್ಟ ಜಾತಿ ಅಥವಾ ಪಂಗಡದ ಕುಟುಂಬಕ್ಕೆ ಮಂಜೂರು ಮಾಡಿದ ಜಮೀನಾಗಿದ್ದರಂತೂ, 1978ರ ಪಿಟಿಸಿಎಲ್ ಕಾಯ್ದೆಯ ಪ್ರಕಾರ ಸರ್ಕಾರದ ಅನುಮತಿಯಿಲ್ಲದೆ ಆದ ಮಾರಾಟಕ್ಕೆ ಬೆಲೆಯೇ ಇಲ್ಲ.

ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ, ಅದನ್ನು ಯಾವ ಮಧ್ಯವರ್ತಿಯೂ ಹೇಳುವುದಿಲ್ಲ. ಕೃಷಿ ಜಮೀನಿನಿಂದ ವಸತಿ ಜಮೀನಾಗಿ ಭೂಪರಿವರ್ತನೆಯಾಗದ, ನಕ್ಷೆ ಅನುಮೋದನೆಯಾಗದ ಇಂಥ ರೆವಿನ್ಯೂ ಸೈಟಿನ ಮೇಲೆ ಬ್ಯಾಂಕು ಗೃಹಸಾಲ ಕೊಡುವುದಿಲ್ಲ. ಸೈಟು ಕೊಂಡ ಮೇಲೆ ಅದರ ಮೇಲೆ ಮನೆ ಏಳಬೇಕಲ್ಲವೇ? ಬ್ಯಾಂಕಿನ ಬಾಗಿಲು ಮುಚ್ಚಿದರೆ ಉಳಿಯುವುದು ಕೈಸಾಲ, ಸಂಘದ ಸಾಲ, ಒಡವೆ ಸಾಲ. ಅಂದರೆ ಬಡವರ ಪಾಲಿಗೆ ಅತ್ಯಂತ ದುಬಾರಿಯಾದ ಹಣ. ಕಡಿಮೆ ಬೆಲೆಯದೆಂದು ಕಾಣುವ ಕಾಗದವಿಲ್ಲದ ಸೈಟು ಕೊನೆಗೆ ಇಪ್ಪತ್ತು ವರ್ಷ ತಂತಿಬೇಲಿಯ ನಡುವೆ ಪಾರ್ಥೇನಿಯಂ ಬೆಳೆದು ನಿಲ್ಲುವುದು ಈ ಕಾರಣಕ್ಕಾಗಿಯೇ.

ಈಗ ಲೆಕ್ಕ. ಒಂಬತ್ತೂವರೆ ಲಕ್ಷದಲ್ಲಿ ಮುಂಗಡ ಕಳೆದು ಉಳಿಯುವ ಆರೂವರೆ ಲಕ್ಷವನ್ನು 36ರಿಂದ ಭಾಗಿಸಿದರೆ ತಿಂಗಳ ಕಂತು 18,056 ರೂಪಾಯಿ ಬರುತ್ತದೆ. ನಿಮ್ಮಿಬ್ಬರ ದುಡಿಮೆ ಮತ್ತು ಗೃಹಲಕ್ಷ್ಮಿ ಹಣ ಸೇರಿ 31,500. ಅದರಲ್ಲಿ ಬಾಡಿಗೆ, ಸಂಘದ ಕಂತು, ಸೈಟಿನ ಕಂತು ಮೂರನ್ನೂ ಕಳೆದರೆ ತಿಂಗಳಿಗೆ ನಿಮ್ಮ ಕೈಯಲ್ಲಿ ಉಳಿಯುವುದು 2,694 ರೂಪಾಯಿ. ನಾಲ್ಕು ಜನರ ಊಟ, ಗ್ಯಾಸ್, ಮಕ್ಕಳ ಫೀಸು, ಒಂದು ಜ್ವರ, ಒಂದು ಹಬ್ಬ, ಎಲ್ಲವೂ ಅದರಲ್ಲೇ ಆಗಬೇಕು. ಒಡವೆ ಸಾಲದ ಬಡ್ಡಿಯನ್ನೂ ಹೊಸ ಸಂಘದ ಕಂತನ್ನೂ ನಾನಿನ್ನೂ ಸೇರಿಸಿಲ್ಲ. ಮಗ್ಗದ ಮಾಲೀಕರ ಮುಂಗಡ ತೀರುವವರೆಗೆ ನಿಮ್ಮ ಯಜಮಾನರು ಹೆಚ್ಚು ಕೂಲಿ ಸಿಗುವ ಇನ್ನೊಂದು ಮಗ್ಗಕ್ಕೆ ಹೋಗಲೂ ಆಗುವುದಿಲ್ಲವೆಂಬುದನ್ನು ಅವರು ನನಗಿಂತ ಚೆನ್ನಾಗಿ ಬಲ್ಲರು. ಈ ಲೆಕ್ಕವನ್ನು ನೀವು ಬಾಯಲ್ಲಿ ಹೇಳಬೇಡಿ. ಮಕ್ಕಳ ಹಳೆಯ ನೋಟ್‌ಬುಕ್ಕಿನ ಹಾಳೆಯೊಂದರಲ್ಲಿ ಅವರ ಕೈಯಿಂದಲೇ ಬರೆಸಿ. ಬೇರೆಯವರು ಹೇಳಿದ ಮೊತ್ತದ ಮೇಲೆ ವಾದ ಮಾಡಬಹುದು, ತಾನೇ ಕಳೆದು ಬರೆದ ಮೊತ್ತದ ಮೇಲೆ ವಾದ ಮಾಡುವುದು ಕಷ್ಟ.

ಬರೀ ಬೇಡವೆಂದರೆ ಅವರ ಸಂಕಟಕ್ಕೆ ಉತ್ತರ ಕೊಟ್ಟಂತಾಗುವುದಿಲ್ಲ, ಆದ್ದರಿಂದ ಎದುರಿಗೆ ಇನ್ನೊಂದು ದಾರಿಯನ್ನೂ ಇಡಬೇಕು. ಉದಾಹರಣೆಗೆ, ನಿಮ್ಮ ಊರಿನಲ್ಲಿಯೇ ಅಥವಾ ಅಕ್ಕಪಕ್ಕದಲ್ಲಿ ಸರಿಯಾದ ಇ-ಖಾತೆ (ಸ್ಥಳೀಯ ಸಂಸ್ಥೆಯ ಗಣಕೀಕೃತ ಆಸ್ತಿ ದಾಖಲೆ) ಇರುವ 16 ಲಕ್ಷದ ಹಳೆಯ ಸಣ್ಣ ಮನೆಯೊಂದನ್ನು ಗುರಿಯಾಗಿಟ್ಟುಕೊಳ್ಳಿ. 30 ಲಕ್ಷದವರೆಗಿನ ಗೃಹಸಾಲದಲ್ಲಿ ಮನೆಯ ಬೆಲೆಯ ಶೇ. 90ರವರೆಗೆ ಸಾಲ ಕೊಡಲು ರಿಸರ್ವ್ ಬ್ಯಾಂಕಿನ ನಿಯಮದಲ್ಲಿ ಅವಕಾಶವಿದೆ. ಆದರೆ ನೀವು ಅಷ್ಟು ತೆಗೆದುಕೊಳ್ಳಬೇಡಿ, 12 ಲಕ್ಷಕ್ಕೆ ನಿಲ್ಲಿಸಿ. ಶೇ. 9ರ ಬಡ್ಡಿಯಂತೆ 20 ವರ್ಷಗಳಿಗೆ ಅದರ ಕಂತು ಸುಮಾರು 10,800 ರೂಪಾಯಿ ಆಗುತ್ತದೆ. ಈಗ ನೀವು ಕಟ್ಟುತ್ತಿರುವ ಬಾಡಿಗೆಯನ್ನೂ ಸಂಘದ ಕಂತನ್ನೂ ಕೂಡಿಸಿ ನೋಡಿ: 10,750. ನಾನು ಇದನ್ನು ಎರಡು ಸಲ ಕೂಡಿಸಿದೆ. ಒಂದು ಮನೆಯ ಕಂತಿನಷ್ಟು ಹಣವನ್ನು ನೀವು ಈಗಲೇ ಪ್ರತಿ ತಿಂಗಳೂ ತಪ್ಪದೆ ಕಟ್ಟುತ್ತಿದ್ದೀರಿ. ಅದು ಮನೆಗೆ ಸೇರುತ್ತಿಲ್ಲ, ಅಷ್ಟೇ.

ಹಾಗಾದರೆ ನಿಮಗೆ ಬೇಕಾದದ್ದು ಉಳಿದ ನಾಲ್ಕು ಲಕ್ಷ ಮತ್ತು ಮುದ್ರಾಂಕ ಶುಲ್ಕ, ನೋಂದಣಿ, ವಕೀಲರ ಖರ್ಚಿಗೆಂದು ಎತ್ತಿಡಬೇಕಾದ ಒಂದೂಕಾಲು ಲಕ್ಷ. ಈ ಎರಡನೆಯ ಮೊತ್ತವನ್ನು ಮರೆತು ಕೊನೆಯ ವಾರದಲ್ಲಿ ಕೈಸಾಲಕ್ಕೆ ಓಡುವ ಕುಟುಂಬಗಳು ಬಹಳ. ನಿಮ್ಮ ಹತ್ತಿರ 1,62,000 ಇದೆ. ತಿಂಗಳಿಗೆ ನೀವು ಕಟ್ಟುತ್ತಿರುವ 3,500 ರೂಪಾಯಿ 36 ತಿಂಗಳಲ್ಲಿ 1,26,000 ಆಗುತ್ತದೆ. ಯಜಮಾನರು ಬಟವಾಡೆಯಿಂದ ತಿಂಗಳಿಗೆ 2,500 ಎತ್ತಿಟ್ಟರೆ 90,000. 14 ತಿಂಗಳ ನಂತರ ಸಂಘದ ಕಂತು ಮುಗಿದಾಗ, ಹೊಸ ಸಾಲ ತೆಗೆಯದೆ ಆ 4,250 ರೂಪಾಯಿಯನ್ನು ಹಾಗೆಯೇ ಉಳಿತಾಯಕ್ಕೆ ತಿರುಗಿಸಿದರೆ ಉಳಿದ 22 ತಿಂಗಳಲ್ಲಿ 93,500. ಒಟ್ಟು 4,71,500, ಅದರ ಮೇಲೆ ಬಡ್ಡಿ. ಇಷ್ಟಾದ ಮೇಲೂ ಸ್ವಲ್ಪ ಕೊರತೆ ಬೀಳಬಹುದು. ಆ ಕೊರತೆಗೆ ನಿಮ್ಮ ಪಿಎಫ್ ಇದೆ. ಒಂಬತ್ತು ವರ್ಷದ ಹಣ ಅಲ್ಲಿದೆ, ಮನೆ ಕೊಳ್ಳಲು ಅದರಿಂದ ಒಂದು ಭಾಗ ಹಿಂಪಡೆಯಲು ಅವಕಾಶವೂ ಇದೆ. ನಿಮ್ಮ ಪತ್ರದಲ್ಲಿ ಅದರ ಪ್ರಸ್ತಾಪವೇ ಇಲ್ಲದ್ದನ್ನು ಕಂಡು ನನಗೆ ಕಳವಳವಾಯಿತು. ಪಿಎಫ್ ಖಾತೆಯ ಯುಎಎನ್ ಸಂಖ್ಯೆಗೆ ಆಧಾರ್ ಜೋಡಣೆಯಾಗಿದೆಯೇ, ಹೆಸರಿನ ಅಕ್ಷರ ಸರಿಯಿದೆಯೇ ಎಂದು ಈ ವಾರವೇ ಕಾರ್ಖಾನೆಯ ಎಚ್‌ಆರ್ ವಿಭಾಗದಲ್ಲಿ ಕೇಳಿ. ಅದು ನಿಮ್ಮ ವಯಸ್ಸಾದ ಕಾಲದ ಹಣವಾದ್ದರಿಂದ ಎಲ್ಲಕ್ಕಿಂತ ಕೊನೆಗೆ ಕೈ ಹಾಕಿ.

ಹೊಸದಾಗಿ ಉಳಿಸುವ ಹಣವನ್ನು ಅಂಚೆ ಕಚೇರಿಯ ಆರ್‌ಡಿಗೆ (ತಿಂಗಳ ಕಂತಿನ ಠೇವಣಿಗೆ) ಹಾಕಬೇಡಿ. ಅದರ ಅವಧಿ ಐದು ವರ್ಷ. ಮೂರು ವರ್ಷದ ನಂತರ ಮಧ್ಯದಲ್ಲಿ ಮುಚ್ಚಿದರೆ ಉಳಿತಾಯ ಖಾತೆಯ ಬಡ್ಡಿ ಮಾತ್ರ ಸಿಗುತ್ತದೆ. ಮೂರು ವರ್ಷದ ಗುರಿಗೆ ಬ್ಯಾಂಕಿನ ಮೂರು ವರ್ಷದ ಆರ್‌ಡಿ ಸರಿಹೊಂದುತ್ತದೆ. ಯಜಮಾನರ ಬಟವಾಡೆ ನಗದಾಗಿ ಬರುತ್ತಿದ್ದರೆ, ಪ್ರತಿ ವಾರ ಅದನ್ನು ಅವರ ಖಾತೆಗೆ ಜಮಾ ಮಾಡಿ, ಆಮೇಲೆ ಖರ್ಚಿಗೆ ತೆಗೆಯಿರಿ. ಇದು ನಿಮಗೆ ಸುತ್ತುಬಳಸಿನ ಕೆಲಸವೆನ್ನಿಸಬಹುದು; ಆದರೆ ಸಂಬಳದ ಚೀಟಿಯಿಲ್ಲದ ದುಡಿಮೆಗಾರನಿಗೆ ಗೃಹಸಾಲದ ಮೇಜಿನ ಮುಂದೆ ಸಾಕ್ಷಿ ನುಡಿಯುವುದು ಆ ಬ್ಯಾಂಕ್ ಪುಸ್ತಕದ ವಾರ ವಾರದ ಸಾಲುಗಳೇ. ಸಂಘದ ಕಂತುಗಳನ್ನು ನೀವು ತಪ್ಪದೆ ಕಟ್ಟಿದ್ದೂ ಇನ್ನೊಂದು ಸಾಕ್ಷಿ. ನಿಮ್ಮಿಬ್ಬರ ಸಾಲದ ಇತಿಹಾಸದ ವರದಿಯನ್ನು ವರ್ಷಕ್ಕೊಮ್ಮೆ ಉಚಿತವಾಗಿ ಪಡೆಯಬಹುದು. ಹಾಗೆ ಪಡೆದು, ಯಾರದೋ ಜಾಮೀನಿಗೆ ಹಾಕಿದ ಸಹಿ ಅಲ್ಲಿ ಕಪ್ಪುಚುಕ್ಕೆಯಾಗಿ ಕುಳಿತಿಲ್ಲವೇ ಎಂದು ನೋಡಿಕೊಳ್ಳಿ.

ಸರ್ಕಾರದ ನೆರವು ನಿಮಗೆ ಸಿಗುವಂಥದ್ದೇ. 2024ರ ಸೆಪ್ಟೆಂಬರಿನಲ್ಲಿ ಆರಂಭವಾದ ಪ್ರಧಾನಮಂತ್ರಿ ಆವಾಸ್ ಯೋಜನೆ ನಗರ 2.0ರಲ್ಲಿ ವರ್ಷಕ್ಕೆ ಮೂರರಿಂದ ಆರು ಲಕ್ಷ ಆದಾಯದವರು ಕಡಿಮೆ ಆದಾಯದ ವರ್ಗಕ್ಕೆ ಸೇರುತ್ತಾರೆ, ನಿಮ್ಮದು 3.78 ಲಕ್ಷ. 35 ಲಕ್ಷದೊಳಗಿನ ಮನೆಗೆ 25 ಲಕ್ಷದವರೆಗೆ ಸಾಲ ಪಡೆದವರಿಗೆ, ಮೊದಲ ಎಂಟು ಲಕ್ಷದ ಮೇಲೆ ಶೇ. 4ರ ಬಡ್ಡಿ ಸಹಾಯಧನವಿದೆ. ಗರಿಷ್ಠ 1.80 ಲಕ್ಷದ ಈ ನೆರವು ಐದು ವಾರ್ಷಿಕ ಕಂತುಗಳಲ್ಲಿ ಸಾಲದ ಖಾತೆಗೇ ಬರುತ್ತದೆ. ದೇಶದಲ್ಲಿ ಎಲ್ಲಿಯೂ ನಿಮ್ಮ ಕುಟುಂಬದ ಹೆಸರಿನಲ್ಲಿ ಪಕ್ಕಾ ಮನೆ ಇರಕೂಡದು; ಆದ್ದರಿಂದ ಊರಿನ ಹಿರಿಯರ ಮನೆಯ ದಾಖಲೆಯಲ್ಲಿ ಯಜಮಾನರ ಹೆಸರಿದೆಯೇ ಎಂದು ಈಗಲೇ ವಿಚಾರಿಸಿ. ಕಾಗದವಿಲ್ಲದ ಖಾಲಿ ಸೈಟಿಗೆ ಈ ಸಹಾಯಧನ ಸಿಗುವುದಿಲ್ಲ. ಮನೆ ಮಾತ್ರ ನಿಮ್ಮ ಹೆಸರಿನಲ್ಲಿ ಅಥವಾ ಇಬ್ಬರ ಹೆಸರಿನಲ್ಲಿ ಜಂಟಿಯಾಗಿ ನೋಂದಣಿಯಾಗಲಿ. ಇದರಲ್ಲಿ ಸಂಕೋಚ ಬೇಡ.

ಇನ್ನು ಮುಚ್ಚಿಟ್ಟ ವಿಷಯ. ಹಣ ಕೂಡಿಟ್ಟದ್ದು ತಪ್ಪಲ್ಲ. 1974ರಲ್ಲಿ ಅಹಮದಾಬಾದಿನಲ್ಲಿ ನಾಲ್ಕು ಸಾವಿರ ದುಡಿಯುವ ಹೆಂಗಸರು ತಲಾ ಹತ್ತು ರೂಪಾಯಿ ಹಾಕಿ ಸೇವಾ ಬ್ಯಾಂಕನ್ನು ಕಟ್ಟಿಕೊಂಡದ್ದೇ ತಮ್ಮ ಬೆವರಿನ ಹಣ ತಮ್ಮ ಹೆಸರಿನಲ್ಲಿ ಭದ್ರವಾಗಿರಲಿ ಎಂದು. ಹಾಗಾಗಿ ಕೂಡಿಟ್ಟದ್ದಕ್ಕೆ ಕ್ಷಮೆ ಕೇಳಬೇಡಿ, ಮುಚ್ಚಿಟ್ಟದ್ದಕ್ಕೆ ಮಾತ್ರ ಕೇಳಿ. "ಇಷ್ಟು ವರ್ಷ ನನ್ನನ್ನು ನಂಬಲಿಲ್ಲವಾ?" ಎಂದು ಅವರು ಕೇಳಿಯೇ ಕೇಳುತ್ತಾರೆ. ಆಗ ಮೈದುನನ 60,000ವನ್ನು ಎತ್ತಿ ಆಡಬೇಡಿ. ಅದು ಅವರಿಗೂ ಗೊತ್ತಿದೆ, ಆಡಿದರೆ ಮಾತು ಮನೆಯಿಂದ ಅಣ್ಣತಮ್ಮಂದಿರ ಕಡೆಗೆ ಹೊರಳುತ್ತದೆ. "ಹೇಳಲು ನನಗೆ ಹೆದರಿಕೆಯಾಯಿತು, ಆದರೆ ಅತ್ತೆಯವರು ಹೋದ ದಿನದಿಂದ ಇದು ಮನೆಗೇ ಎಂದು ಇಟ್ಟಿದ್ದೇನೆ" ಎಂದಷ್ಟೇ ಹೇಳಿ, ಅದು ನಿಜವಾಗಿದ್ದರೆ. ಬಟವಾಡೆಯ ಸಂಜೆ ಬೇಡ, ಮೈದುನ ಮನೆಗೆ ಬಂದಿರುವ ಹೊತ್ತೂ ಬೇಡ. ಮಕ್ಕಳು ಮಲಗಿದ ಮೇಲೆ ಲೆಕ್ಕದ ಹಾಳೆಯನ್ನೂ ಪಾಸ್‌ಬುಕ್ಕನ್ನೂ ಅವರ ಮುಂದಿಡಿ. ಹಾಳೆ ಮೊದಲು, ಪಾಸ್‌ಬುಕ್ಕು ಆಮೇಲೆ. ಈ ಕ್ರಮ ತಿರುಗುಮುರುಗಾದರೆ 1,62,000 ಎಂಬ ಮೊತ್ತ ಅವರ ಕಣ್ಣಿಗೆ ಮುಂಗಡದಂತೆಯೇ ಕಾಣುತ್ತದೆ.

ಮಾರುವವರಿಗೆ ಇಲ್ಲವೆಂದು ಹೇಳುವುದು ಯಜಮಾನರಿಗೆ ಮುಖಭಂಗವೆನ್ನಿಸಬಹುದು. ಅದಕ್ಕೊಂದು ಉಪಾಯವಿದೆ. ಇಲ್ಲವೆನ್ನುವ ಬದಲು ಕಾಗದ ಕೇಳಲಿ: ಇತ್ತೀಚಿನ ಪಹಣಿ, ಮೂಲ ಪತ್ರ, 30 ವರ್ಷಗಳ ಇಸಿ (ಆಸ್ತಿಯ ಮೇಲಿನ ಸಾಲ, ಮಾರಾಟಗಳನ್ನು ತೋರಿಸುವ ಋಣಭಾರ ಪತ್ರ), ಭೂಪರಿವರ್ತನೆಯ ಆದೇಶ, ಯೋಜನಾ ಪ್ರಾಧಿಕಾರ ಒಪ್ಪಿದ ಬಡಾವಣೆ ನಕ್ಷೆ, ಸೈಟಿನ ಇ-ಖಾತೆ. ಪಹಣಿಯನ್ನು ಭೂಮಿ ಜಾಲತಾಣದಲ್ಲಿ, ಇಸಿಯನ್ನು ಕಾವೇರಿ ಜಾಲತಾಣದಲ್ಲಿ ನೀವೇ ತೆಗೆಸಬಹುದು. ಸರ್ವೆ ನಂಬರ್ ಇದ್ದರೆ ಸಾಕು, ಮಕ್ಕಳೇ ಮೊಬೈಲಿನಲ್ಲಿ ಮಾಡಿಕೊಡುತ್ತಾರೆ. ಎಲ್ಲವೂ ಸರಿಯಿದ್ದರೆ ಬ್ಯಾಂಕೇ ಸಾಲ ಕೊಡುತ್ತದೆ, 36 ಕಂತಿನ ಮಾತೇ ಏಳುವುದಿಲ್ಲ. ಕಾಗದ ಕೇಳಿದ ದಿನದಿಂದ ಅವರು ಫೋನು ಎತ್ತುವುದನ್ನು ನಿಲ್ಲಿಸಿದರೆ ನಿಮ್ಮ ಯಜಮಾನರಿಗೆ ಯಾರೂ ಏನೂ ವಿವರಿಸಬೇಕಾಗಿಲ್ಲ. ಕೊಟ್ಟಿರುವ 10,000ಕ್ಕೆ ರಸೀದಿ ಬರೆಸಿಕೊಂಡು ವಾಪಸು ಕೇಳಿ. ಬಾರದಿದ್ದರೆ ಬಿಟ್ಟುಬಿಡಿ, ಆ ಹತ್ತು ಸಾವಿರವನ್ನು ಉಳಿಸಲು ಹೋಗಿ ಇನ್ನೆರಡು ಲಕ್ಷದ ತೊಂಬತ್ತು ಸಾವಿರವನ್ನು ಅದರ ಬೆನ್ನ ಹಿಂದೆ ಕಳಿಸಬೇಡಿ.

ಇನ್ನೊಂದು ಮಾತು. ಮನೆ ನೋಡಲು ಹೊರಟಾಗ, ಮುಂದಿನ ಕೋಣೆ ಎಷ್ಟು ಅಗಲವಿರಬೇಕು, ಬಾಗಿಲು ಎತ್ತ ಇರಬೇಕು ಎಂದು ಮೊದಲು ಯಜಮಾನರನ್ನು ಕೇಳಿ. ಅವರು ಏನನ್ನು ನೆನೆದು ಆ ಅಳತೆ ಹೇಳುತ್ತಾರೆಂದು ನಿಮಗೆ ತಿಳಿದಿರುತ್ತದೆ.