ಸಂಪಾದಕರ ಉತ್ತರ: ರೊಮೇನಿಯಾ ರಗ್ಬಿ ಅರ್ಥವಾಗಬೇಕಾದರೆ ಕ್ಲಬ್ ಮೈದಾನಕ್ಕೆ ಹೋಗಿ

ಧಾರವಾಡದ ಓದುಗರೊಬ್ಬರು ಉದ್ದದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ. ಸಾರ ಇಷ್ಟು: ಮಗ ಕೆಲಸದ ಮೇಲೆ ರೊಮೇನಿಯಾದ ತಿಮಿಶ್ವಾರಾ ಊರಿಗೆ ಹೋಗಿದ್ದಾನೆ. ಅವನ ಮನೆ ಹತ್ತಿರ ಒಂದು ರಗ್ಬಿ ಮೈದಾನ ಇದೆ. ರಜೆ ದಿನ ಅಲ್ಲಿ ಮ್ಯಾಚ್ ನಡೆಯುತ್ತೆ, ಆದರೆ ಜನ ಕಡಿಮೆ. "ಈ ದೇಶ ಒಂದು ಕಾಲಕ್ಕೆ ಫ್ರಾನ್ಸನ್ನೂ ವೇಲ್ಸನ್ನೂ ಸೋಲಿಸಿತ್ತು ಅಂತ ಓದಿದೆ. 2023ರ ವಿಶ್ವಕಪ್‌ನಲ್ಲಿ ನೋಡಿದರೆ ಸ್ಕಾಟ್ಲೆಂಡ್ ಮುಂದೆ 84–0 ಸೋಲು. ಏನಾಯಿತು ಇವರಿಗೆ? ಅಲ್ಲಿನ ಕ್ಲಬ್‌ಗಳು ಯಾವುವು? ಮಗ ಯಾವ ತಂಡದ ಕಡೆ ಇರಬೇಕು? ಇವರು ಮತ್ತೆ ಮೇಲೆ ಬರುತ್ತಾರಾ?"

ನಮಸ್ಕಾರ ಸರ್.

ನಿಮ್ಮ ಪತ್ರ ನೋಡಿ ತುಂಬಾ ಖುಷಿಯಾಯಿತು. ರೊಮೇನಿಯಾ ರಗ್ಬಿ ಬಗ್ಗೆ ನಮ್ಮಲ್ಲಿ ಕೇಳುವವರೇ ಇಲ್ಲ. ನನಗೆ ಇದು ಬಹಳ ಹತ್ತಿರದ ವಿಷಯ. ಅಲ್ಲಿನ ಲೀಗ್ ಮ್ಯಾಚ್‌ಗಳು ಆನ್‌ಲೈನ್‌ನಲ್ಲಿ ಸಿಕ್ಕಾಗಲೆಲ್ಲ ನೋಡುತ್ತೇನೆ. ಆದ್ದರಿಂದ ಉತ್ತರ ಸ್ವಲ್ಪ ಉದ್ದ ಆಗುತ್ತೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಎಲ್ಲರೂ ರಾಷ್ಟ್ರೀಯ ತಂಡದ ಸ್ಕೋರ್ ನೋಡಿ "ಅಯ್ಯೋ, ಹೀಗಾಯ್ತಲ್ಲ" ಅಂತಾರೆ. ಸ್ಕೋರ್ ನೋಡಿದರೆ ಸೋತದ್ದು ಗೊತ್ತಾಗುತ್ತೆ, ಯಾಕೆ ಸೋತರು ಅನ್ನೋದು ಗೊತ್ತಾಗಲ್ಲ. ಅದು ಗೊತ್ತಾಗಬೇಕಾದರೆ ಕ್ಲಬ್ ಮೈದಾನಗಳಿಗೆ ಹೋಗಬೇಕು. ಆ ಮೈದಾನ ಯಾರದು, ಅದರ ಖರ್ಚು ಯಾರು ಕೊಡುತ್ತಿದ್ದರು, ಆಮೇಲೆ ಯಾರು ಕೊಡೋದು ನಿಲ್ಲಿಸಿದರು? ನನ್ನ ಪ್ರಕಾರ ಅಲ್ಲಿನ ರಗ್ಬಿಯ ಪೂರ್ತಿ ಕಥೆ ಈ ಮೂರು ಪ್ರಶ್ನೆಗಳಲ್ಲೇ ಇದೆ.

ಆಟ ಅಲ್ಲಿಗೆ ಹೋದದ್ದು ಪ್ಯಾರಿಸ್‌ನಿಂದ. ಅಲ್ಲಿ ಓದಲು ಹೋದ ರೊಮೇನಿಯಾದ ಹುಡುಗರು ವಾಪಸ್ ಬರುವಾಗ ಚೆಂಡು ತಂದರು. ರಾಜಧಾನಿ ಬುಕಾರೆಸ್ಟ್‌ನ ಒಂದು ಟೆನಿಸ್ ಕ್ಲಬ್‌ನಲ್ಲಿ ಆಡಲು ಶುರು ಮಾಡಿದರು. 1914ರಲ್ಲೇ ಮೊದಲ ರಾಷ್ಟ್ರೀಯ ಚಾಂಪಿಯನ್‌ಶಿಪ್ ನಡೆಯಿತು, ಗೆದ್ದದ್ದು ಅದೇ ಟೆನಿಸ್ ಕ್ಲಬ್. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ರಗ್ಬಿ ಆಡಿದ್ದು ಮೂರೇ ದೇಶ. ರೊಮೇನಿಯಾ ಎರಡೂ ಮ್ಯಾಚ್ ಸೋತಿತು, ಕಂಚು ಸಿಕ್ಕಿತು. ಅಲ್ಲಿಯವರೆಗೆ ಇದು ಉಳ್ಳವರ ಮನೆ ಮಕ್ಕಳ ಆಟ.

ಎರಡನೇ ಮಹಾಯುದ್ಧದ ನಂತರ ಎಲ್ಲ ಬದಲಾಯಿತು. ಕಮ್ಯುನಿಸ್ಟ್ ಸರ್ಕಾರ ಬಂತು. ಪ್ರತಿ ಕ್ಲಬ್ಬಿಗೂ ಒಬ್ಬ ಯಜಮಾನ ಬಂದ. ಸ್ಟೆಯಾವಾ ಬುಕಾರೆಸ್ಟ್ ಸೈನ್ಯದ ಕ್ಲಬ್, ಅದರ ಜಾಗ ಗೆಂಚಾ ಬಡಾವಣೆಯ ಸೇನಾ ಕ್ರೀಡಾ ಆವರಣ. ದಿನಾಮೊ ಒಳಾಡಳಿತ ಸಚಿವಾಲಯದ್ದು, ಅಂದರೆ ಪೊಲೀಸರದ್ದು. ಗ್ರಿವಿತ್ಸಾ ರೋಷಿಯೆ ರೈಲ್ವೆ ವರ್ಕ್‌ಶಾಪ್ ಕಾರ್ಮಿಕರ ತಂಡ. 1933ರಲ್ಲಿ ದೊಡ್ಡ ಮುಷ್ಕರ ನಡೆದದ್ದು ಇದೇ ಗ್ರಿವಿತ್ಸಾ ವರ್ಕ್‌ಶಾಪ್‌ನಲ್ಲಿ. ಕಪ್ಪು ಸಮುದ್ರದ ದಡದ ಕಾನ್‌ಸ್ಟಾಂತ್ಸಾ ಬಂದರಿನಲ್ಲಿ ಫಾರುಲ್. ಜಿಯು ಕಣಿವೆಯ ಕಲ್ಲಿದ್ದಲು ಊರು ಪೆತ್ರೊಷಾನ್‌ನಲ್ಲಿ ಗಣಿ ಇನ್‌ಸ್ಟಿಟ್ಯೂಟ್ ಹುಡುಗರ ತಂಡ. ಬರ್ಲಾದ್‌ನಲ್ಲಿ ಬೇರಿಂಗ್ ಕಾರ್ಖಾನೆಯ ತಂಡ. ಆಟಗಾರ ಹೆಸರಿಗೆ ಅಮೆಚೂರ್. ಸೇನೆಯ ಕ್ಲಬ್‌ನವನಾದರೆ ಅಧಿಕಾರಿ, ರೈಲ್ವೆಯವನಾದರೆ ಕಾರ್ಮಿಕ, ಆದರೆ ಸಂಬಳ ತಗೊಂಡು ದಿನವಿಡೀ ಪ್ರಾಕ್ಟೀಸ್ ಮಾಡುತ್ತಿದ್ದ. ಆಗ ಇಂಗ್ಲೆಂಡ್, ವೇಲ್ಸ್ ಆಟಗಾರರು ಹಗಲೆಲ್ಲ ಬೇರೆ ಕೆಲಸ ಮಾಡಿ ಸಂಜೆ ಮೈದಾನಕ್ಕೆ ಬರುತ್ತಿದ್ದರು ಅನ್ನೋದನ್ನ ನೆನಪಿಟ್ಟುಕೊಳ್ಳಿ. ರೊಮೇನಿಯಾದ ಗೆಲುವುಗಳ ಹಿಂದೆ ಇದರ ಪಾಲು ಸಣ್ಣದಲ್ಲ.

ಸೈನ್ಯಕ್ಕೂ ಪೊಲೀಸಿಗೂ ಇನ್ನೊಂದು ಅನುಕೂಲ ಇತ್ತು. ಕಡ್ಡಾಯ ಸೈನಿಕ ಸೇವೆ. ಬೇರೆ ಊರಿನ ಒಳ್ಳೆ ಹುಡುಗ ಕಣ್ಣಿಗೆ ಬಿದ್ದರೆ ಸೇವೆಗೆ ಕರೆಸಿ ತಮ್ಮ ತಂಡಕ್ಕೆ ಹಾಕಿಕೊಳ್ಳಬಹುದಿತ್ತು. ಸ್ಟೆಯಾವಾ 20ಕ್ಕೂ ಜಾಸ್ತಿ ಸಲ ಚಾಂಪಿಯನ್ ಆಗಿದ್ದು ಸುಮ್ನೆ ಅಲ್ಲ.

ನನಗೆ ಇವರೆಲ್ಲರಲ್ಲಿ ಜಾಸ್ತಿ ಇಷ್ಟ ಗ್ರಿವಿತ್ಸಾ. 1950ರ ದಶಕದ ಕೊನೆಗೆ, 60ರ ದಶಕದಲ್ಲಿ ಇವರ ಆಟಕ್ಕೆ ಎದುರೇ ಇರಲಿಲ್ಲ. ಆ ಕಾಲದ ಯುರೋಪಿಯನ್ ಚಾಂಪಿಯನ್ಸ್ ಕಪ್‌ನಲ್ಲಿ 1962ರ ಫೈನಲ್‌ಗೆ ಹೋಗಿ ಫ್ರಾನ್ಸ್‌ನ ಬೆಜಿಯೆ ತಂಡದ ಕೈಲಿ ಸೋತರು, 1964ರಲ್ಲಿ ಕಪ್ ಗೆದ್ದರು. 1967ರಲ್ಲಿ ದಿನಾಮೊ ಗೆದ್ದಿತು. ಗ್ರಿವಿತ್ಸಾದ ತವರು ಮೈದಾನ ಪಾರ್ಕುಲ್ ಕೊಪಿಲುಲುಯಿ. ಮಕ್ಕಳ ಉದ್ಯಾನದ ಹೆಸರೇ ಮೈದಾನಕ್ಕೂ ಬಂದಿದೆ. ಯುರೋಪನ್ನೇ ಗೆದ್ದ ತಂಡದ ಮೈದಾನ ಅಂತ ಹೇಳಿದರೆ ಹೊಸಬರು ನಂಬಲಿಕ್ಕಿಲ್ಲ, ಅಷ್ಟು ಸಾದಾ ಜಾಗ. ಆದರೆ ರಾಷ್ಟ್ರೀಯ ತಂಡದ ನಾಯಕ ವಿಯೊರೆಲ್ ಮೊರಾರು, ಮುಂದೆ ಹಿಂದಿನ ಸಾಲಿಗೆ ಚೆಂಡು ದಾಟಿಸುವ ಸ್ಕ್ರಮ್ ಹಾಫ್ ಮಿರ್ಚಾ ಪಾರಾಸ್ಕಿವ್, ಇವರೆಲ್ಲ ಆಡಿದ್ದು ಇದೇ ಕ್ಲಬ್ಬಿಗೆ.

ಜನ ಬರುತ್ತಿದ್ದರಾ ಅಂತ ಕೇಳಿದರೆ, ಬರುತ್ತಿದ್ದರು ಸರ್. 1957ರಲ್ಲಿ ಬುಕಾರೆಸ್ಟ್‌ನ ದೊಡ್ಡ ಕ್ರೀಡಾಂಗಣದಲ್ಲಿ ಫ್ರಾನ್ಸ್ ವಿರುದ್ಧದ ಮ್ಯಾಚ್‌ಗೆ ಸುಮಾರು 95 ಸಾವಿರ ಜನ ಸೇರಿದ್ದರು. ರಗ್ಬಿ ಆದಮೇಲೆ ಅಲ್ಲೇ ಫುಟ್‌ಬಾಲ್ ಮ್ಯಾಚ್ ಇತ್ತು, ಅದನ್ನೂ ಹೇಳಬೇಕು. ಆ ದಿನ ರೊಮೇನಿಯಾ 18–15ರಲ್ಲಿ ಸೋತಿತು. 1960ರಲ್ಲಿ ಫ್ರಾನ್ಸನ್ನು 11–5ರಿಂದ ಸೋಲಿಸಿ ಲೆಕ್ಕ ಚುಕ್ತಾ ಮಾಡಿತು. 1983ರಲ್ಲಿ ಬುಕಾರೆಸ್ಟ್‌ನಲ್ಲಿ ವೇಲ್ಸ್ ವಿರುದ್ಧ 24–6, ಮರುವರ್ಷ ಸ್ಕಾಟ್ಲೆಂಡ್ ವಿರುದ್ಧ 28–22, 1988ರಲ್ಲಿ ವೇಲ್ಸ್‌ನ ಸ್ವಂತ ಊರು ಕಾರ್ಡಿಫ್‌ನಲ್ಲೇ 15–9. ಇವು ಅದೃಷ್ಟದ ಗೆಲುವುಗಳಲ್ಲ.

ಆಟ ಹೇಗಿತ್ತು ಅಂತ ಸ್ವಲ್ಪ ಹತ್ತಿರದಿಂದ ಹೇಳುತ್ತೇನೆ, ಮಗನ ಜೊತೆ ಮಾತಾಡುವಾಗ ಉಪಯೋಗಕ್ಕೆ ಬರುತ್ತೆ. 2025ರಲ್ಲಿ ಮುಂಬೈಯಲ್ಲಿ ನಡೆದ ರಗ್ಬಿ ಪ್ರೀಮಿಯರ್ ಲೀಗ್‌ನಲ್ಲಿ ಬೆಂಗಳೂರು ಬ್ರೇವ್‌ಹಾರ್ಟ್ಸ್ ಆಡಿದ್ದನ್ನ ನೀವು ನೋಡಿರಬಹುದು. ಅದು ಏಳು ಜನರ ಆಟ, ಓಟ ಜಾಸ್ತಿ. ರೊಮೇನಿಯಾದ್ದು ಹದಿನೈದು ಜನರ ಆಟ, ಅದರ ಜೀವ ಇರೋದು ಸ್ಕ್ರಮ್‌ನಲ್ಲಿ, ಅಂದರೆ ನಿಂತ ಆಟ ಮತ್ತೆ ಶುರು ಮಾಡಲು ಎರಡೂ ತಂಡ ಚೆಂಡಿಗಾಗಿ ತಳ್ಳಾಡುವುದರಲ್ಲಿ. ಎಂಟು ಜನ ಒಂದು ಕಡೆ, ಎಂಟು ಜನ ಇನ್ನೊಂದು ಕಡೆ. ಮುಂದಿನ ಸಾಲಿನ ಮೂವರು ಒಬ್ಬರ ಅಂಗಿ ಇನ್ನೊಬ್ಬರು ಗಟ್ಟಿ ಹಿಡಿದು ಬಗ್ಗುತ್ತಾರೆ. ಹಿಂದಿನ ಇಬ್ಬರು ಅವರ ತೊಡೆಗಳ ನಡುವೆ ತಲೆ ತೂರಿಸಿ ಹೆಗಲು ಕೊಡುತ್ತಾರೆ. ಉಳಿದ ಮೂವರು ಪಕ್ಕದಿಂದಲೂ ಹಿಂದಿನಿಂದಲೂ ಒತ್ತುತ್ತಾರೆ. ಚೆಂಡು ಒಳಗೆ ಬಂದ ಕೂಡಲೇ ಎಂಟೂ ಜನ ಒಟ್ಟಿಗೆ ತಳ್ಳಬೇಕು. ಒಬ್ಬ ಅರೆಕ್ಷಣ ತಡ ಮಾಡಿದರೂ ಸಾಲು ಕುಸಿಯುತ್ತೆ. ರೊಮೇನಿಯಾದವರು ಇದನ್ನ ವರ್ಷಗಟ್ಟಲೆ ಒಂದೇ ಕ್ಲಬ್‌ನಲ್ಲಿ ಅದೇ ಎಂಟು ಜನರ ಜೊತೆ ಮಾಡಿ ಮಾಡಿ ಕಲಿತವರು. ಸ್ಕ್ರಮ್ ಗಟ್ಟಿಯಾಗೋದು ಹೀಗೇ, ರಾಷ್ಟ್ರೀಯ ತಂಡದ ಹತ್ತು ದಿನದ ಕ್ಯಾಂಪ್‌ನಲ್ಲಿ ಅಲ್ಲ. ಇದಕ್ಕೇ ನಾನು ಕ್ಲಬ್, ಕ್ಲಬ್ ಅಂತ ಬಡಿದುಕೊಳ್ಳೋದು.

ಇನ್ನು 1989. ನಿಮ್ಮ ಮಗ ಇರುವ ತಿಮಿಶ್ವಾರಾದಲ್ಲೇ ಆ ವರ್ಷ ಡಿಸೆಂಬರ್ 16ರಂದು ಕಮ್ಯುನಿಸ್ಟ್ ಸರ್ವಾಧಿಕಾರಿ ಚೌಶೆಸ್ಕು ಸರ್ಕಾರದ ವಿರುದ್ಧ ಜನ ಬೀದಿಗಿಳಿದರು. ಕೆಲವೇ ದಿನದಲ್ಲಿ ದೇಶವೆಲ್ಲ ಹೊತ್ತಿಕೊಂಡಿತು. ಸ್ಟೆಯಾವಾದ ಫ್ಲೋರಿಕಾ ಮುರಾರಿಯು ಆಗ ದೇಶದ ಅತ್ಯುತ್ತಮ ಫಾರ್ವರ್ಡ್‌ಗಳಲ್ಲಿ (ಸ್ಕ್ರಮ್ ತಳ್ಳುವ ಎಂಟು ಜನರನ್ನ ಹೀಗನ್ನುತ್ತಾರೆ) ಒಬ್ಬರು, ವೃತ್ತಿಯಲ್ಲಿ ಸೇನಾಧಿಕಾರಿ. ಬುಕಾರೆಸ್ಟ್‌ನ ರಸ್ತೆ ತಡೆಯೊಂದರ ಹತ್ತಿರ ಗುಂಡು ತಗುಲಿ ಸತ್ತರು. ದಿನಾಮೊ ಕ್ಲಬ್‌ನ ರಾದು ದುರ್ಬಾಕ್ ಕೂಡ ಅದೇ ದಿನಗಳಲ್ಲಿ ಜೀವ ಕಳೆದುಕೊಂಡರು. ಇವರಿಬ್ಬರ ಹೆಸರು ಬರೆಯುವಾಗ ನನಗೆ ಈಗಲೂ ಹೊಟ್ಟೆಯಲ್ಲಿ ಸಂಕಟ ಆಗುತ್ತೆ. ಕಾರ್ಡಿಫ್‌ನ ಆ ಗೆಲುವಾಗಿ ಒಂದು ವರ್ಷ ಆಗಿತ್ತು, ಅಷ್ಟೇ.

1990ರ ಮೇ ತಿಂಗಳಲ್ಲಿ ಫ್ರಾನ್ಸ್‌ನ ಓಶ್ ಊರಿನಲ್ಲಿ ಫ್ರಾನ್ಸನ್ನೇ 12–6ರಿಂದ ಸೋಲಿಸಿದರು. ಹಳೆಯ ವ್ಯವಸ್ಥೆಯಲ್ಲಿ ಬೆಳೆದವರ ಗೆಲುವು ಅದು. ಆಮೇಲೆ ಕ್ಲಬ್‌ಗಳ ಕೆಳಗಿದ್ದ ನೆಲವೇ ಜಾರಿತು. ಸೈನ್ಯ ಕೈ ಬಿಗಿ ಮಾಡಿತು. ಕಾರ್ಖಾನೆಗಳು ನಷ್ಟಕ್ಕೆ ಬಿದ್ದವು. ಜಿಯು ಕಣಿವೆಯ ಗಣಿಗಳಲ್ಲಿ 1997ರಿಂದ ಸಾವಿರಾರು ಜನ ಕೆಲಸ ಕಳೆದುಕೊಂಡರು, ಗಣಿಯೇ ಇಲ್ಲದ ಮೇಲೆ ಪೆತ್ರೊಷಾನ್‌ನಂಥ ಊರಲ್ಲಿ ರಗ್ಬಿಗೆ ದುಡ್ಡು ಎಲ್ಲಿಂದ ಬರಬೇಕು? ಗಡಿ ತೆರೆದಿತ್ತು, ಆಟಗಾರರು ಫ್ರಾನ್ಸ್‌ಗೆ ಹೊರಟರು. ಅವರನ್ನ ದೂರೋದು ತಪ್ಪು. ಮನೆ ನಡೆಸಬೇಕಲ್ವಾ? 1995ರಲ್ಲಿ ಜಗತ್ತಿನ ರಗ್ಬಿ ಪೂರ್ತಿ ವೃತ್ತಿಪರ ಆಯಿತು. ವೇಲ್ಸ್, ಸ್ಕಾಟ್ಲೆಂಡ್ ಆಟಗಾರರಿಗೂ ಸಂಬಳ ಬಂತು. ರೊಮೇನಿಯಾಕ್ಕೆ ಮೊದಲಿದ್ದ ಅನುಕೂಲ ಉಲ್ಟಾ ಹೊಡೆಯಿತು.

2009 ಅನ್ನೇ ತಗೊಳ್ಳಿ. ಆ ವರ್ಷ ಫ್ರಾನ್ಸ್‌ನ ಚಾಂಪಿಯನ್ ಪೆರ್ಪಿನ್ಯಾ. ಆ ತಂಡದಲ್ಲಿ ರೊಮೇನಿಯಾದ ಇಬ್ಬರಿದ್ದರು, ಸ್ಕ್ರಮ್‌ನ ಮುಂದಿನ ಸಾಲಿನ ನಡುವೆ ನಿಲ್ಲುವ ಹೂಕರ್ ಮಾರಿಯುಸ್ ತಿಂಕು ಮತ್ತು ಬರ್ಲಾದ್‌ನಲ್ಲಿ ಹುಟ್ಟಿದ ಓವಿದಿಯು ತೊನಿತ್ಸಾ. ಅದೇ ವರ್ಷ ರೊಮೇನಿಯಾದಲ್ಲಿ ಚಾಂಪಿಯನ್ ಆಗಿದ್ದು ಬಾಯಾ ಮಾರೆ ಊರಿನ ತಂಡ. ಒಳ್ಳೊಳ್ಳೆ ಆಟಗಾರರು ಹೊರಗೆ, ಕ್ಲಬ್ ಒಳಗೆ. ರೊಮೇನಿಯಾದ ರಗ್ಬಿ ಫೆಡರೇಷನ್ 2005ರಿಂದ ಸುಮಾರು ಹತ್ತು ವರ್ಷ ಬುಕಾರೆಸ್ಟ್ ಹೆಸರಲ್ಲಿ ಒಂದು ಆಯ್ದ ತಂಡ ಕಟ್ಟಿ ಯುರೋಪಿನ ಎರಡನೇ ದರ್ಜೆಯ ಕ್ಲಬ್ ಟೂರ್ನಿ ಯುರೋಪಿಯನ್ ಚಾಲೆಂಜ್ ಕಪ್‌ಗೆ ಕಳಿಸಿತು. ಆಟಗಾರರಿಗೆ ಅನುಭವ ಸಿಕ್ಕಿತು, ಒಪ್ಪೋಣ. ಆದರೆ ಆ ತಂಡಕ್ಕೆ ಸ್ವಂತ ಬೀದಿ ಇರಲಿಲ್ಲ, ಸ್ವಂತ ಮೈದಾನ ಇರಲಿಲ್ಲ, ಅಪ್ಪನ ಕೈ ಹಿಡಿದು ಬಂದ ಹುಡುಗ ಇರಲಿಲ್ಲ. ಆ ದುಡ್ಡು, ಆ ಶ್ರಮ ಕ್ಲಬ್‌ಗಳಿಗೆ ಹೋಗಬೇಕಿತ್ತು ಅನ್ನೋದು ನನ್ನ ಅಭಿಪ್ರಾಯ.

ಈಗಿನ ಕ್ಲಬ್‌ಗಳ ವಿಷಯಕ್ಕೆ ಬರೋಣ. ಬುಕಾರೆಸ್ಟ್‌ನ ಏಕಸ್ವಾಮ್ಯ ಮುರಿದದ್ದೇ ಈ ಕಾಲದ ಒಳ್ಳೆ ಸುದ್ದಿ. ಉತ್ತರದ ತುದಿಯಲ್ಲಿ ಮರಾಮುರೇಶ್ ಸೀಮೆಯ ಗಣಿ ಊರು ಬಾಯಾ ಮಾರೆ. ಅಲ್ಲಿನ ಕ್ಲಬ್ 1977ರಲ್ಲಿ ಶುರುವಾಯಿತು, 1990ರಲ್ಲಿ ಮೊದಲ ಸಲ ಚಾಂಪಿಯನ್ ಆಯಿತು, 2009ರಿಂದ ಸತತ ಮೂರು ವರ್ಷ ಗೆದ್ದಿತು. ಮೈದಾನದ ಹೆಸರು ಲಸ್ಕರ್ ಇಕಿಮ್. ತಂಡದ ಗುರುತು ಯುರೋಪಿನ ಕಾಡುಕೋಣ, ನಮ್ಮ ಕಾಟಿಯ ದೂರದ ನೆಂಟ. ಇವರ ಫಾರ್ವರ್ಡ್‌ಗಳ ಆಟ ನೋಡಿದರೆ ಹೆಸರು ಒಪ್ಪುತ್ತೆ ಅನ್ನಿಸುತ್ತೆ. ಕ್ಲುಜ್‌ನಲ್ಲಿ ಯೂನಿವರ್ಸಿಟಿ ತಂಡ ಆಡೋದು ಯೂಲಿಯು ಹತ್ಸ್ಯೆಗಾನು ಕ್ರೀಡಾ ಉದ್ಯಾನದಲ್ಲಿ. ವಿದ್ಯಾರ್ಥಿಗಳ ಆರೋಗ್ಯಕ್ಕೆ ಅಂತ ಒಬ್ಬ ವೈದ್ಯರು ಕಟ್ಟಿಸಿದ ಜಾಗ ಅದು, ಅವರದೇ ಹೆಸರು. ಕಾನ್‌ಸ್ಟಾಂತ್ಸಾದಲ್ಲಿ ಮಿಹಾಯಿಲ್ ನಾಕಾ ಮೈದಾನ. 1970ರ ದಶಕದಲ್ಲಿ ಫಾರುಲ್ ಮೂರು ಸಲ ಚಾಂಪಿಯನ್ ಆಗಿತ್ತು, ಅಂಥ ಊರಲ್ಲಿ ರಗ್ಬಿ ಮಂಕಾದದ್ದು ನನಗೆ ದೊಡ್ಡ ಬೇಜಾರು.

ಹೆಚ್ಚಿನ ಕ್ಲಬ್‌ಗಳಿಗೆ ಈಗ ಯಜಮಾನ ನಗರಸಭೆ. ಸೈನ್ಯ ಹೋಯಿತು, ಮೇಯರ್ ಬಂದರು ಅನ್ನಿ. ಇದರಲ್ಲಿ ಅಪಾಯ ಇದೆ. ಚುನಾವಣೆ ಆದರೆ ಬಜೆಟ್ ಬದಲಾಗುತ್ತೆ, ಮಧ್ಯದಲ್ಲಿ ದುಡ್ಡು ನಿಂತರೆ ಆಟಗಾರ ಊರು ಬಿಡುತ್ತಾನೆ. ಆ ಜಾಗ ತುಂಬಲು ಟೊಂಗಾ, ದಕ್ಷಿಣ ಆಫ್ರಿಕಾ ಕಡೆಯವರನ್ನ ಕರೆಸುತ್ತಾರೆ. ಅವರಿಂದ ಲೀಗ್ ಚೆನ್ನಾಗಾಗಿದೆ, ಅನುಮಾನ ಇಲ್ಲ. ಆದರೆ ಹಾಗೆ ಬಂದ ಟೊಂಗಾ ಆಟಗಾರರೊಬ್ಬರನ್ನ ನಿಯಮ ಸರಿಯಾಗಿ ನೋಡದೆ ರಾಷ್ಟ್ರೀಯ ತಂಡದಲ್ಲಿ ಆಡಿಸಿದ್ದಕ್ಕೆ 2018ರಲ್ಲಿ ಅರ್ಹತಾ ಪಂದ್ಯಗಳ 30 ಅಂಕ ಕಡಿತವಾಗಿ 2019ರ ವಿಶ್ವಕಪ್ಪೇ ಕೈತಪ್ಪಿತು.

ಮಗ ಯಾವ ತಂಡದ ಕಡೆ ಇರಬೇಕು ಅಂದಿರಿ. ಇದೇನು ಕೇಳೋ ಪ್ರಶ್ನೆ ಸರ್, ತಿಮಿಶ್ವಾರಾ! ಊರಿನ ಯೂನಿವರ್ಸಿಟಿ ತಂಡ 1972ರಲ್ಲಿ ಚಾಂಪಿಯನ್ ಆಗಿತ್ತು. ಮುಂದಿನ ಪ್ರಶಸ್ತಿಗೆ 2012ರವರೆಗೆ ಕಾದರು, 40 ವರ್ಷ. 2013ರಲ್ಲೂ ಗೆದ್ದರು. ಲಂಡನ್‌ನ ಸಾರಸೆನ್ಸ್ ಕ್ಲಬ್ ಜೊತೆ ಒಪ್ಪಂದ ಮಾಡಿಕೊಂಡು ಕೆಲವು ವರ್ಷ ತಿಮಿಶ್ವಾರಾ ಸಾರಸೆನ್ಸ್ ಅಂತಲೇ ಆಡಿದರು, ಚಾಲೆಂಜ್ ಕಪ್‌ಗೂ ಹೋದರು. 2018–19ರಲ್ಲಿ ಇಂಗ್ಲೆಂಡ್‌ನ ನಾರ್ತಾಂಪ್ಟನ್ ಇವರನ್ನ 111–3ರಿಂದ ಸೋಲಿಸಿತು. ಆ ಸ್ಕೋರ್ ನೋಡಿ ನಗುವವರ ಮೇಲೆ ನನಗೆ ಸಿಟ್ಟು ಬರುತ್ತೆ. ನಾರ್ತಾಂಪ್ಟನ್‌ನ ದುಡ್ಡೆಷ್ಟು, ಇವರ ದುಡ್ಡೆಷ್ಟು? ಸ್ವಂತ ದೇಶದ ಲೀಗ್ ಗೆದ್ದು, ಕಷ್ಟಪಟ್ಟು ಆ ಮೆಟ್ಟಿಲು ಹತ್ತಿದವರು ಇವರು.

ನಿಮ್ಮ ಮಗ ಹೇಳಿದ ಮೈದಾನ ಬಹುಶಃ ಗೆಯೋರ್ಗೆ ರಶ್ಕಾನು, ತಿಮಿಶ್ವಾರಾ ರಗ್ಬಿಯ ತವರು ಅದೇ. ಸಣ್ಣ ಮೈದಾನವಾದ್ದರಿಂದ ಗೆರೆ ಪಕ್ಕದಲ್ಲೇ ನಿಂತಂತೆ ಇರುತ್ತೆ. ಟಿವಿಯಲ್ಲಿ ಕೇಳದ ಸದ್ದು ಅಲ್ಲಿ ಕೇಳುತ್ತೆ, ಸ್ಕ್ರಮ್ ಕೂಡುವಾಗಿನ ಆ ಧಡ್ ಅನ್ನೋ ಸದ್ದು, ಹೂಕರ್ ಕೂಗೋ ಕೂಗು. ಬಾಯಾ ಮಾರೆ ತಂಡ ಊರಿಗೆ ಬರುವ ದಿನ ತಪ್ಪಿಸಿಕೊಳ್ಳಬೇಡ ಅಂತ ಹೇಳಿ. ಬುಕಾರೆಸ್ಟ್‌ಗೆ ಹೋದರೆ ವಿಜಯ ಕಮಾನಿನ ಹತ್ತಿರದ ಅರ್ಕುಲ್ ದೆ ತ್ರಿಯುಂಫ್ ಕ್ರೀಡಾಂಗಣವನ್ನೂ ನೋಡಲಿ. ಹಳೆಯದನ್ನ ಕೆಡವಿ ಕಟ್ಟಿ 2021ರಲ್ಲಿ ತೆರೆದರು, 8 ಸಾವಿರಕ್ಕೂ ಸ್ವಲ್ಪ ಜಾಸ್ತಿ ಜನ ಕೂರಬಹುದು.

ಮತ್ತೆ ಮೇಲೆ ಬರುತ್ತಾರಾ ಅನ್ನೋದು ನಿಮ್ಮ ಕೊನೆಯ ಪ್ರಶ್ನೆ. 2027ರ ವಿಶ್ವಕಪ್‌ಗೆ ಅರ್ಹತೆ ಸಿಕ್ಕಿದೆ. ಆದರೆ ಅಲ್ಲಿ ದೊಡ್ಡ ತಂಡವೊಂದನ್ನ ಸೋಲಿಸುತ್ತಾರೆ ಅಂತ ನಿಮಗೆ ಆಸೆ ಹುಟ್ಟಿಸಲಾರೆ. ನಾನು ನೋಡೋದು ಬೇರೆ ಲೆಕ್ಕ. ಲೀಗ್ ಶುರು ಮಾಡಿದ ತಂಡಗಳೆಲ್ಲ ಸೀಸನ್ ಮುಗಿಸಿದವಾ? ಪೆತ್ರೊಷಾನ್, ಬರ್ಲಾದ್‌ನಂಥ ಊರುಗಳಲ್ಲಿ ಹುಡುಗರ ತಂಡ ಉಳಿದಿದೆಯಾ? ಹದಿನೆಂಟು ವರ್ಷದ ಪ್ರಾಪ್ ಆಟಗಾರ (ಸ್ಕ್ರಮ್‌ನ ಮುಂದಿನ ಸಾಲಿನ ಅಂಚಿನವನು) ಫ್ರಾನ್ಸ್‌ನ ಮೂರನೇ ದರ್ಜೆ ಲೀಗ್‌ಗೆ ಓಡದೆ ಇನ್ನೆರಡು ವರ್ಷ ಊರಲ್ಲೇ ಆಡುವಷ್ಟು ಸಂಬಳ ಕ್ಲಬ್‌ನಿಂದ ಸಿಗುತ್ತಿದೆಯಾ? ಈ ಮೂರಕ್ಕೂ ಹೌದು ಅನ್ನೋ ಉತ್ತರ ಬರಲು ಶುರುವಾದರೆ, ಅದಾಗಿ ಹತ್ತು ವರ್ಷಕ್ಕೆ ರಾಷ್ಟ್ರೀಯ ತಂಡದ ಬಗ್ಗೆ ಮಾತಾಡೋಣ.