ಆರು ತೂತು ಕೇಳಿದ್ರೆ ಐದೇ ಯಾಕೆ ಬರ್ತವೆ?

ಪ್ರಶ್ನೆ: ನಮ್ದು ಮಂಡ್ಯ, ಕಬ್ಬಿನ ಗಾಣದ ಪಾರ್ಟ್ಸ್ ಮಾಡೋ ಸಣ್ಣ ವರ್ಕ್‌ಶಾಪ್. ಎಐಗೆ ಮಾತಲ್ಲಿ ಹೇಳಿದ್ರೆ ಫ್ರೀಕ್ಯಾಡ್ ಅನ್ನೋ 3ಡಿ ಡಿಸೈನ್ ಸಾಫ್ಟ್‌ವೇರ್‌ನಲ್ಲಿ ಮಾಡೆಲ್ ಆಗ್ಲಿ ಅಂತ ಪೈಥಾನ್‌ನಲ್ಲಿ ನಾನೇ ಒಂದಷ್ಟು ಟೂಲ್ ಬರ್ಕೊಂಡಿದೀನಿ. ಅದ್ರಲ್ಲಿ ಸರ್ಕ್ಯುಲರ್ ಪ್ಯಾಟರ್ನ್ ಟೂಲ್ ಒಂದು ಕೈ ಕೊಡ್ತಿದೆ. 120 ಎಂಎಂ ಪಿಸಿಡಿ (ತೂತಿನ ಸೆಂಟರ್‌ಗಳು ಕೂರೋ ವೃತ್ತದ ವ್ಯಾಸ) ಮೇಲೆ 6 ತೂತು ಹಾಕು ಅಂದ್ರೆ ಎಐ ಎಣಿಕೆ 6, ಕೋನ 360 ಅಂತಾನೇ ಕಳ್ಸುತ್ತೆ, ಆದ್ರೆ ಫ್ಲ್ಯಾಂಜ್ (ಬೋಲ್ಟ್ ಹಾಕಿ ಜೋಡಿಸೋ ದುಂಡು ತಟ್ಟೆ) ಮೇಲೆ ಐದೇ ಕಾಣೋದು, ಪಕ್ಕಪಕ್ಕದ ತೂತಿನ ಸೆಂಟರ್ ಅಳೆದ್ರೆ 70.5 ಎಂಎಂ ಬರುತ್ತೆ. ಟೂಲ್‌ಗೆ ನಾನು ಕೊಟ್ಟಿರೋ ವಿವರಣೆ "ಫೀಚರನ್ನ ವೃತ್ತದಲ್ಲಿ ರಿಪೀಟ್ ಮಾಡುತ್ತೆ" ಅಂತ ಒಂದೇ ಸಾಲು. ತಪ್ಪು ಎಐದಾ, ನಂದಾ? ಡಾಕ್ಯುಮೆಂಟೇಶನ್ ಹೆಂಗೆ ಬರೀಬೇಕು ಸಾರ್?
ಓದುಗರು, ಮಂಡ್ಯ

ಉತ್ತರ: ಅಳೆದು ಬರೆದಿದ್ದು ಒಳ್ಳೇದಾಯ್ತು, ಆ 70.5 ಒಂದೇ ಸಾಕು ಎಲ್ಲಿ ಎಡವಿದ್ದು ಅಂತ ಗೊತ್ತಾಗೋಕೆ. 120 ಪಿಸಿಡಿ ಅಂದ್ರೆ ತ್ರಿಜ್ಯ 60, ಆರು ತೂತು ಸಮವಾಗಿ ಬಂದ್ರೆ ಒಂದೊಂದಕ್ಕೆ 60 ಡಿಗ್ರಿ, ಆಗ ಪಕ್ಕದ ಸೆಂಟರ್‌ಗೂ ಸರಿಯಾಗಿ 60 ಎಂಎಂ. 70.5 ಬರೋದು 72 ಡಿಗ್ರಿಗೆ. 360ನ್ನ 5ರಿಂದ ಭಾಗಿಸಿದ್ರೆ 72. ಅಂದ್ರೆ ನಿಮ್ಮ ಕೋಡ್ ಎಣಿಕೆಯಲ್ಲಿ ಒಂದು ಕಳೆದು ಭಾಗಿಸ್ತಿದೆ, ಆರನೇ ತೂತು ಎಲ್ಲೂ ಹೋಗಿಲ್ಲ, ಮೊದಲನೇದ್ರ ಮೇಲೇ ಕೂತಿದೆ.

ಒಂದು ಕಳೆಯೋದು ಯಾವಾಗ್ಲೂ ತಪ್ಪಲ್ಲ. ಕೈಯಲ್ಲಿ ಬೆರಳು ಐದು, ಸಂದು ನಾಕು, ಹಂಗೇ ಅರ್ಧ ವೃತ್ತದಲ್ಲಿ ಈ ತುದಿಯಿಂದ ಆ ತುದಿಗೆ 5 ತೂತು ಬೇಕು ಅಂದ್ರೆ 180ನ್ನ 4ರಿಂದಾನೇ ಭಾಗಿಸ್ಬೇಕು, 45 ಡಿಗ್ರಿ. ಆದ್ರೆ ಹೂವಿನ ಮಾಲೆಯ ಎರಡು ತುದಿ ಸೇರಿಸಿ ಗಂಟು ಹಾಕಿದ್ಮೇಲೆ ಹೂ ಎಷ್ಟೋ ಸಂದೂ ಅಷ್ಟೇ. ಫ್ರೀಕ್ಯಾಡ್‌ನಲ್ಲೇ ಇರೋ ಪೋಲಾರ್ ಪ್ಯಾಟರ್ನ್ (ವೃತ್ತದಲ್ಲಿ ರಿಪೀಟ್ ಮಾಡೋದು) ಈ ಎರಡನ್ನೂ ಬೇರೆಬೇರೆಯಾಗೇ ನೋಡುತ್ತೆ, ಪೂರ್ತಿ 360 ಕೊಟ್ರೆ ಎಣಿಕೆಯಿಂದಾನೇ ಭಾಗಿಸುತ್ತೆ, ಅದಕ್ಕಿಂತ ಕಮ್ಮಿ ಕೊಟ್ರೆ ಒಂದು ಕಳೆದು ಭಾಗಿಸುತ್ತೆ.

ಈಗ ಎಐ ಕಡೆಯಿಂದ ನೋಡಿ. ಟೂಲ್ ಕರೆಯೋವಾಗ ಅದ್ರ ಮುಂದಿರೋದು ಟೂಲಿನ ಹೆಸರು, ಪ್ಯಾರಾಮೀಟರ್‌ಗಳು (ಅದಕ್ಕೆ ತುಂಬಬೇಕಾದ ಬೆಲೆಗಳು), ನೀವು ಬರೆದ ವಿವರಣೆ, ಇಷ್ಟೇ, ಒಳಗಿನ ಕೋಡ್ ಅದಕ್ಕೆ ಕಾಣಲ್ಲ. ಹೊಸದಾಗಿ ಸೇರಿದ ಹುಡುಗ ಆದ್ರೆ "ಅಣ್ಣ, ಕೊನೇದೂ ಸೇರ್ಸಾ?" ಅಂತ ಕೇಳ್ತಾನೆ, ಎಐ ಎಷ್ಟೋ ಸಲ ಕೇಳದೇನೇ ಬೇರೆ ಕಡೆ ಕಲಿತ ರೂಢಿ ಹಿಡ್ಕೊಂಡು ತುಂಬಿಬಿಡುತ್ತೆ. ಇಲ್ಲಿ ಅದು ಕಳಿಸಿದ್ದು ಸರಿಯಾಗೇ ಇದೆ, ಹಾಗಾಗಿ ಮೊದಲು ಕೋಡ್ ತಿದ್ದಿ, ಆಮೇಲೆ ವಿವರಣೆ.

ವಿವರಣೆಯಲ್ಲಿ ನಾನಾಗಿದ್ರೆ ಅರ್ಧ ಜಾಗ ಕೋನಕ್ಕೇ ಕೊಡ್ತೀನಿ. ಬರೀ "ಆಂಗಲ್" ಅನ್ನೋ ಹೆಸರು ಬೇಡ, ಒಟ್ಟು ಕೋನಕ್ಕೆ "ಟೋಟಲ್ ಆಂಗಲ್", ಒಂದರಿಂದ ಇನ್ನೊಂದಕ್ಕೆ ಇರೋ ಕೋನಕ್ಕೆ "ಸ್ಟೆಪ್ ಆಂಗಲ್" ಅಂತ ಎರಡು ಪ್ಯಾರಾಮೀಟರ್ ಇಡಿ, ಎರಡರಲ್ಲಿ ಒಂದನ್ನೇ ಕೊಡ್ಬೇಕು ಅಂತ ಬರೀರಿ, 360 ಆದ್ರೆ ಹೆಂಗೆ ಭಾಗಿಸುತ್ತೆ, ಕಮ್ಮಿ ಆದ್ರೆ ಹೆಂಗೆ ಅಂತ ಎರಡಕ್ಕೂ ಲೆಕ್ಕ ಮಾಡಿದ ಉದಾಹರಣೆ ಹಾಕಿ. ಡಿಗ್ರಿ ಅಂತ ಬರೆಯೋದು ಮರೀಬೇಡಿ, ಪೈಥಾನ್‌ನ ಸೈನ್ ಕೊಸೈನ್ ರೇಡಿಯನ್ (ಕೋನದ ಇನ್ನೊಂದು ಅಳತೆ) ಕೇಳೋದ್ರಿಂದ ಯಾವಾಗಲಾದ್ರೂ 90ರ ಬದಲು 1.57 ಬಂದು ಕೂತ್ರೆ ಎಲ್ಲಾ ತೂತೂ ಒಂದೇ ಕಡೆ ಗುಂಪಾಗ್ತವೆ. ಎಣಿಕೆಯಲ್ಲಿ ಮೂಲ ತೂತೂ ಸೇರಿದೆ ಅಂತ ಹೇಳಿ. ಪಿಸಿಡಿ 120 ಅಂದ್ರೆ ಅದು ವ್ಯಾಸ, ಮೊದಲ ತೂತನ್ನ ಸೆಂಟರ್‌ನಿಂದ 60ರಲ್ಲಿ ಇಡ್ಬೇಕು ಅಂತಾನೂ ಹೇಳಿ. ಅಕ್ಷ ಯಾವ ಬಿಂದು ಮೂಲಕ ಹೋಗುತ್ತೆ, ಬಲಗೈ ಹೆಬ್ಬೆರಳು ಅಕ್ಷದ ದಿಕ್ಕಿಗೆ ಇಟ್ರೆ ಬೆರಳು ಮಡಚೋ ಕಡೆಗೆ ಕೋನ ಹೆಚ್ಚುತ್ತೆ, ಇದೂ ಇರ್ಲಿ. ಮತ್ತೆ ಟೂಲ್ ಕೆಲಸ ಮುಗಿಸಿ ಬರೀ "ಓಕೆ" ಅಂತ ವಾಪಸ್ ಕಳಿಸಿದ್ರೆ ಸಾಲದು, ಪ್ರತಿ ತೂತಿನ ಸೆಂಟರ್ ಎಲ್ಲಿ ಬಂತು ಅಂತ ಕಳಿಸ್ಲಿ, ಒಂದರ ಮೇಲೊಂದು ಬಿದ್ದಿದ್ರೆ ಎಚ್ಚರಿಸ್ಲಿ, ಇಲ್ದಿದ್ರೆ ಒಂದು ತೂತು ಕಮ್ಮಿ ಇರೋದು ಸಿಎನ್‌ಸಿ ಮೆಷಿನ್‌ಗೆ ಹೋದ್ಮೇಲೇ ಗೊತ್ತಾಗೋದು.

ಭಾಷೆ ಕನ್ನಡವೇ ಇರ್ಲಿ, ತೊಂದ್ರೆ ಇಲ್ಲ, ನಿಮ್ಮ ಹುಡುಗರು ತೂತು, ಹೋಲು, ಬೋಲ್ಟ್ ಹೋಲು ಅಂತ ಏನೇನು ಅಂತಾರೋ ಅಷ್ಟನ್ನೂ ಸೇರಿಸಿ.

ಬರೆದಾದ್ಮೇಲೆ ಪರೀಕ್ಷೆಗೆ ಸೋಮನಾಥಪುರದ ಗುಡಿಯ ನಕ್ಷತ್ರ ಬಿಡಿಸೋಕೆ ಹೇಳಿ. ಅಲ್ಲಿಯ ಕೇಶವ ದೇವಸ್ಥಾನದ ಗರ್ಭಗುಡಿಗಳ ಹೊರಗಿನ ಆಕಾರ 16 ಮೂಲೆಯ ನಕ್ಷತ್ರ, ಒಂದೇ ಚೌಕವನ್ನ ನಡು ಹಿಡಿದು 22.5 ಡಿಗ್ರಿ ತಿರುಗಿಸ್ತಾ ನಾಕು ಸಲ ಇಟ್ರೆ ಈ ಆಕಾರ ಬರುತ್ತೆ. "ಒಂದು ಚೌಕ ತಗೊಂಡು ನಾಕು ಚೌಕದ 16 ಮೂಲೆ ನಕ್ಷತ್ರ ಮಾಡು" ಅಂತ ಅಷ್ಟೇ ಹೇಳಿ, ಕೋನ ಹೇಳ್ಬೇಡಿ. ಸ್ಟೆಪ್ 22.5 ಕಳಿಸಿದ್ರೆ 16 ಮೂಲೆ ಬರುತ್ತೆ, ನಿಮ್ಮ ವಿವರಣೆ ಅರ್ಥ ಆಗಿದೆ. ಒಟ್ಟು 90 ಅಂತ ಕಳಿಸಿದ್ರೆ 30 ಡಿಗ್ರಿ ಹೆಜ್ಜೆ ಬಿದ್ದು ನಾಕನೇ ಚೌಕ ಮೊದಲನೇದ್ರ ಮೇಲೆ ಕೂತು 12 ಮೂಲೆ ಕಾಣುತ್ತೆ, ಆಗ 360ಕ್ಕಿಂತ ಕಮ್ಮಿ ಆದ್ರೆ ಕೊನೆಯ ತುದಿಯದೂ ಸೇರುತ್ತೆ ಅನ್ನೋ ಸಾಲನ್ನ ಇನ್ನೊಂದ್ಸಲ ಬಿಡಿಸಿ ಬರೀರಿ. 360 ಅಂತ ಕಳಿಸಿದ್ರೆ ನಾಕೂ ಚೌಕ ಒಂದರ ಮೇಲೊಂದು ಬಿದ್ದು ನಾಕೇ ಮೂಲೆ, ಸ್ಟೆಪ್ ಆಂಗಲ್ ಅಂತ ಒಂದಿದೆ ಅನ್ನೋದೇ ಅದಕ್ಕೆ ಗೊತ್ತಾಗಿಲ್ಲ, ಆ ಸಾಲನ್ನ ವಿವರಣೆಯ ಮೊದಲಿಗೇ ತನ್ನಿ.